ಉಣ್ಣೆ ಬಂದ ಪಿಕಪ್ಪು

ಟಗರು ಮಲ್ಕಪ್ಪನದು, ಗಾಡಿ ಅಂಬಣ್ಣನದು, ತಪ್ಪು ಮಾತ್ರ ಗಾಡಿಯದಂತೆ! ಈ ತೀರ್ಪನ್ನು ಅಂಬಣ್ಣ ಇವತ್ತಿಗೂ ಒಪ್ಪಿಲ್ಲ.

ಜಾಗೀರುಗಳು ರದ್ದಾದ ಮರುವರ್ಷ, ಜಾಗೀರದಾರರೊಬ್ಬರು ಮಾರಿದ ಹಳೆಯ ಪಿಕಪ್ ಗಾಡಿಯನ್ನು ಅಂಬಣ್ಣ ಕುರಿ ಸಾಗಿಸಲೆಂದು ಕೊಂಡಿದ್ದ. ಅದರ ಕರಿ ಬಣ್ಣ ಕನ್ನಡಿಯಂತೆ ಹೊಳೆಯುತ್ತಿತ್ತು. ತಮ್ಮೂರು ಶಹಾಪುರದ ಸಂತೆಯಲ್ಲಿ, ಉಣ್ಣೆ ಕತ್ತರಿಸುವ ಮಲ್ಕಪ್ಪನ ಟಗರು ಗಾಡಿಯ ಬಾಗಿಲಲ್ಲಿ ತನ್ನದೇ ಮುಖ ಕಂಡಿತು. ಎದುರಾಳಿ ಬಂದನೆಂದು ಹತ್ತು ಹೆಜ್ಜೆ ಹಿಂದೆ ಸರಿಯಿತು. ಧಡ್! ಬಾಗಿಲಲ್ಲಿ ಬೋಗುಣಿ ಕೂರುವಷ್ಟು ತಗ್ಗು!

"ನಿನ್ನ ಟಗರಿಗಿ ಕಣ್ಣ ಇಲ್ಲೇನಲೇ?" ಅಂಬಣ್ಣ ಗುಡುಗಿದ.

"ಕಣ್ಣ ಅದಾವ ಅಂತನ ನೋಡ್ಯಾದ. ನಿನ್ನ ಗಾಡಿನ ಮಾರಿ ತೋರ್ಸಿ ಅದನ್ನ ಕೆಣಕ್ಯಾದ," ಎಂದ ಮಲ್ಕಪ್ಪ. ಸಂತೆಗೆ ಸಂತೆಯೇ ನಕ್ಕಿತು.

ಮನೆಗೆ ಬಂದವನೇ ಅಂಬಣ್ಣ ಹೆಂಡತಿ ಭೀಮಮ್ಮನೆದುರು ಪ್ರತಿಜ್ಞೆ ಮಾಡಿದ. "ಹೊಳಪ ಅನ್ನೋದು ಒಂದ ಚಿಟಿಕಿ ಇರಬಾರದು, ಅಂಥಾ ಬಣ್ಣ ಹಚ್ತೀನಿ! ಟಗರಲ್ಲ, ಸುಬೇದಾರ ಬಂದ್ರೂ ಅದರಾಗ ಮಾರಿ ಕಾಣಬಾರದು!"

ಪ್ರತಿಜ್ಞೆಗೆ ಗಡುವೂ ಇತ್ತು. ಬರುವ ಮಂಗಳವಾರ ಅಕ್ಕ ದೇವಕಮ್ಮನ ಮಗಳು ರೇಣಮ್ಮನ ಮದುವೆ. ಹಿಂದಿನ ದಿನ ಮದುಮಗಳನ್ನು ಸುರಪುರದಿಂದ ಶಹಾಪುರದ ಬೀಗರ ಮನೆಗೆ ಕರೆತರುವುದು ಸೋದರಮಾವನ ಹಕ್ಕು. ಆದರೆ ಅಕ್ಕ ಹೇಳಿ ಕಳಿಸಿದ್ದಳು: "ತಗ್ಗ ಬಿದ್ದ ಗಾಡ್ಯಾಗ ನನ್ನ ಮಗಳು ಕೂಡಂಗಿಲ್ಲ. ಮನ್ಸೂರಅಲಿ ಟಾಂಗಾ ಹೇಳೀನಿ." ಮಾವನ ಮನೆಯಲ್ಲಿ ಮೋಟಾರು ನಿಂತಿರಲು ಮದುಮಗಳು ಬಾಡಿಗೆ ಟಾಂಗಾದಲ್ಲಿ ಬರುವುದೇ? ಅಂಬಣ್ಣನ ಮೀಸೆ ತಾನೇ ತಾನಾಗಿ ನಡುಗಿತು.

ತಗ್ಗನ್ನು ಕಟ್ಟಿಗೆಯ ಸುತ್ತಿಗೆಯಿಂದ ಒಳಗಿನಿಂದ ಬಡಿದೆಬ್ಬಿಸಿದ. ನಾಲ್ಕು ದಿನ ಹಳೆಯ ಬಣ್ಣ ಕೆರೆದ. ತುಕ್ಕು ತಿಕ್ಕಿದ. ತಳಕ್ಕೆ ಕೆಂಪು ಬಣ್ಣ ಬಳಿದು ಒಣಗಿಸಿದ. ಮೇಲಿನ ಬಣ್ಣ ಕಲಸಿಕೊಟ್ಟವನು ಯಾದಗಿರಿಯ ಪೇಂಟರ್ ಲಾಡ್ಲೇಸಾಬ.

"ಎಣ್ಣಿ ಕಮ್ಮಿ, ಟರ್ಪಂಟೈನ್ ಜ್ಯಾದಾ ಹಾಕೀನಿ. ಹೊಳಪ ಬರಂಗಿಲ್ಲ, ಜಲ್ದಿ ಒಣಗ್ತದ. ಆದ್ರ ಮದ್ಲ ಸೋಡಾ ನೀರಿಂದ ತೊಳಿ. ಬೆರಳಿನಷ್ಟ ಜಿಡ್ಡ ಉಳದ್ರೂ ಬಣ್ಣ ಒಣಗಂಗಿಲ್ಲ, ಖಬರ್ದಾರ್!"

"ನಾ ಏನ್ ಸಾಲಿ ಹುಡುಗ ಏನೋ, ಪಾಠ ಹೇಳಾಕತ್ತೀದಿ?" ಮೂರನೇ ಇಯತ್ತೆಯಲ್ಲಿ ಮಾಸ್ತರರೊಂದಿಗೆ ಜಗಳಾಡಿ ಪಾಟಿ ಎಸೆದು ಬಂದವನಿಗೆ ಪಾಠವೆಂದರೆ ಅಷ್ಟಕ್ಕಷ್ಟೇ.

ಆದರೂ ರವಿವಾರ ಬೆಳಿಗ್ಗೆ ತೊಳೆದ. ಒಂದಲ್ಲ, ಮೂರು ಸಲ! ಜಿಡ್ಡಿನ ವಂಶವೇ ನಾಶವಾಯಿತು. ಅಷ್ಟರಲ್ಲಿ ಓಣಿಯ ಧೂಳು ಬಂದು ಕೂತಿತು. ಒರೆಸಲು ಭೀಮಮ್ಮ ಹಳೆ ಸೀರೆಯ ತುಂಡು ಕೊಟ್ಟಳು.

"ಅದು ಎಳಿ ಬಿಡ್ತದ. ನಮ್ಮ ಮನ್ಯಾಗ ಏನ್ ಕಮ್ಮಿ ಅದ?" ಎಂದು ಅಂಬಣ್ಣ ಆಗಷ್ಟೇ ಕತ್ತರಿಸಿಟ್ಟ ಹಸಿ ಉಣ್ಣೆಯ ಉಂಡೆಯಿಂದ ಇಡೀ ಗಾಡಿಯನ್ನು ಪ್ರೀತಿಯಿಂದ ಒರೆಸಿದ. ಕೈ, ಕೊಡಲಿ, ಕೂಸಿನ ಮೂಗು ಎಲ್ಲವನ್ನೂ ಉಣ್ಣೆಯಲ್ಲೇ ಒರೆಸಿ ಬೆಳೆದ ಮನೆ ಅದು. ಅವರಿಗೆ ಉಣ್ಣೆಯಲ್ಲಿ ಜಿಡ್ಡಿದೆ ಎನ್ನುವುದು, ಮೀನಿಗೆ ನೀರು ಒದ್ದೆ ಎಂದಂತೆ!

ಬಣ್ಣ ಬಳಿದಾಯಿತು. ಆಹಾ! ಸುಟ್ಟ ಕುಳ್ಳಿನ ಬೂದಿಯಂಥ ಬಣ್ಣ. ಬಿಸಿಲು ಬಿದ್ದಲ್ಲೇ ಇಂಗಿಹೋಯಿತು. ಅಂಬಣ್ಣ ಮುಖವನ್ನು ಬಾಗಿಲ ಹತ್ತಿರ ಒಯ್ದು ನೋಡಿದ. ಮೀಸೆಯ ಒಂದು ಕೂದಲೂ ಕಾಣಲಿಲ್ಲ. ಗೆದ್ದೆ ಎಂದುಕೊಂಡ.

ಒಂದು ತಾಸಾಯಿತು, ಮೂರಾಯಿತು; ಬಣ್ಣ ಒಣಗಲಿಲ್ಲ. ಬೆರಳಿಟ್ಟರೆ ಬೆಲ್ಲದ ಪಾಕ! ಮಧ್ಯಾಹ್ನ ಸುಂಟರಗಾಳಿ ಬೇರೆ ಎದ್ದಿತು.

"ಕಂಬಳಿ ತಾ! ಇದ್ದಷ್ಟೂ ತಾ!"

"ಹಸಿ ಬಣ್ಣಕ್ಕ ಕಂಬಳಿ ಹೊಚ್ತಾರೇನ್ರಿ?"

"ರಾಶಿಗಿ ಹೊಚ್ತೀವಿ, ಹಸಿಗೂಸಿಗಿ ಹೊಚ್ತೀವಿ. ಕಂಬಳಿ ಹೊದ್ದು ಯಾರರ ಕೆಟ್ಟಾರೇನ?"

ಕೆಟ್ಟಿತು! ಗಾಳಿ ನಿಂತ ಮೇಲೆ ಎಳೆದರೆ ಕಂಬಳಿ ಬರಲೊಲ್ಲದು. ಇಬ್ಬರೂ ಕಾಲೂರಿ ಜಗ್ಗಿದರು. ಪರ್‍ರನೆ ಬಂತು, ತನ್ನ ಉಣ್ಣೆಯನ್ನು ಗಾಡಿಗೇ ದಾನ ಮಾಡಿ! ಮೂತಿಯಿಂದ ಬಾಲದವರೆಗೆ ಪಿಕಪ್ಪಿಗೆ ಕರಿ ಉಣ್ಣೆ ಬಂದಿತ್ತು.

ಭೀಮಮ್ಮ ಸುತ್ತು ಹಾಕಿ ನೋಡಿದಳು. "ಟಗರಿಗಿ ಮಾರಿ ಕಾಣಬಾರದು ಅಂದ್ರಿ. ಈಗ ನಮಗನ ಗಾಡಿ ಕಾಣವಲ್ದು!"

"ಮುಗೀತು. ನಾಳಿ ಟಾಂಗಾದವನೇ ಗೆದ್ದಂಗ," ಎಂದು ಅಂಬಣ್ಣ ಕುಸಿದು ಕೂತ. ಗಂಡನ ಸಿಟ್ಟನ್ನು ಕಂಡಿದ್ದ ಭೀಮಮ್ಮ ಅವನು ಕುಸಿದದ್ದನ್ನು ಕಂಡಿರಲಿಲ್ಲ. ಚರ್ಮಕ್ಕೆ ಗೀರು ಬೀಳದಂತೆ ಉಣ್ಣೆ ತೆಗೆಯುವವನು ಊರಿನಲ್ಲಿ ಒಬ್ಬನೇ. ಗಂಡನನ್ನು ಕೇಳದೆ ಅವನಿಗೇ ಹೇಳಿ ಕಳಿಸಿದಳು.

ಸೋಮವಾರ ಬೆಳಿಗ್ಗೆ ಮಲ್ಕಪ್ಪ ಕತ್ತರಿ ಮಸೆಯುತ್ತಾ ಬಂದ. ಟೈರು ಒತ್ತಿ ಗೊರಸು ನೋಡಿದ. ಕುರಿಯ ವಯಸ್ಸು ನೋಡುವವನಂತೆ ಬಾನೆಟ್ ಎತ್ತಿ ಒಳಗಿಣುಕಿದ. "ಹಲ್ಲ ಎಷ್ಟ ಆಗ್ಯಾವೋ ಅಂಬಣ್ಣ?"

"ಸುಮ್ನ ಕತ್ತರಸಲೇ!"

"ಹಿಂದಿನ ಕಾಲ ಹಿಡ್ಕೊ ಮತ್ತ. ಒದ್ದೀತು."

ಕೈಚಳಕವೆಂದರೆ ಅದು! ಎರಡು ತಾಸಿನಲ್ಲಿ ಗಂಟು ಗಂಟಾದ ಉಣ್ಣೆಯೆಲ್ಲ ಇಳಿದು, ಗಾಡಿಯ ಮೇಲೆ ಮಕಮಲ್ಲಿನಂಥ ನುಣುಪು ಉಳಿಯಿತು. ಹೊಳಪು? ಹುಡುಕಿದರೂ ಸಿಗದು! ಸುರಪುರಕ್ಕೆ ಬಂದ ಗಾಡಿಯ ಬಾಗಿಲು ಸವರಿ ದೇವಕಮ್ಮ ಬಾಯಿಯ ಮೇಲೆ ಕೈಯಿಟ್ಟಳು. "ಯವ್ವಾ! ಮಕಮಲ್ ಹೊದಿಸೀಯಲ್ಲೋ ತಮ್ಮಾ!" ಮನ್ಸೂರಅಲಿಯ ಟಾಂಗಾ ಬರಿದೇ ತಿರುಗಿತು.

"ಹೈದರಾಬಾದಿ ಕೆಲಸ ಅಕ್ಕಾ," ಎಂದು ಅಂಬಣ್ಣ ಮೀಸೆ ತಿರುವಿದ. ದಾರಿಯುದ್ದಕ್ಕೂ ಹಾರ್ನ್ ಬಾರಿಸುತ್ತಲೇ ಮದುಮಗಳನ್ನು ತಂದಿಳಿಸಿದ.

ಬೀಗರ ಮನೆಯೆದುರು ಮಲ್ಕಪ್ಪ ಬೇಕೆಂದೇ ಟಗರು ಹಿಡಿದು ನಿಂತಿದ್ದ. ಟಗರು ಗಾಡಿ ಕಂಡು ಹಗ್ಗ ಬಿಡಿಸಿಕೊಂಡು ಓಡಿಬಂತು. ಅದು ಮೂಸಿತು, ಬಾಗಿಲಿಗೆ ಮೈ ತಿಕ್ಕಿತು, ಗಾಲಿಯ ಪಕ್ಕ ಮೆಲ್ಲಗೆ ಮಲಗಿತು.

"ನೋಡಲೇ! ಗೆದ್ದೆ!" ಎಂದು ಅಂಬಣ್ಣ ಕೂಗಿದ.

"ಗೆದ್ದಿ ಬಿಡು. ಆವತ್ತ ವೈರಿ ಅಂತ ತಿಳದಿತ್ತು, ಇವತ್ತ ಹೆಣ್ಣಕುರಿ ಅಂತ ತಿಳದಾದ!"

ಬೀಗರು ಚಪ್ಪರ ಅಲುಗುವಂತೆ ನಕ್ಕರು. ಮಕಮಲ್ಲಿನ ಗುಟ್ಟು ಅಲ್ಲೇ ಬಯಲಾಯಿತು.

ಉಣ್ಣೆ ಕತ್ತರಿಸಿದ ದಿನ, ಕತ್ತರಿ ಹಿಡಿದವನಿಗೆ ಕುರಿಯ ಒಡೆಯ ತಾನೇ ಬಡಿಸಿ ಉಣಿಸುವುದು ಆ ಓಣಿಯ ಪದ್ಧತಿ. ಆ ಸೋಮವಾರ ಮಾತ್ರ ಅಂಬಣ್ಣ ಬಡಿಸಿರಲಿಲ್ಲ. ಇಪ್ಪತ್ತು ವರ್ಷವಾಯಿತು. ಕತ್ತರಿಸುವ ಕಾಲ ಬಂದಾಗಲೆಲ್ಲ ಮಲ್ಕಪ್ಪ ಅಂಬಣ್ಣನ ಕುರಿ ಕತ್ತರಿಸಿ, ಉಂಡು, ಕೈ ತೊಳೆದು, ಮತ್ತೆ ಎಲೆಯ ಮುಂದೆ ಕೂರುತ್ತಾನೆ. "ಆ ದೊಡ್ಡ ಕುರೀದು ಒಂದ ಊಟ ಬಾಕಿ ಅದ ನೋಡು."

ಬಡಿಸಿದರೆ ಗಾಡಿ ಕುರಿಯೆಂದು ಒಪ್ಪಿದಂತೆ. ಬಡಿಸದಿದ್ದರೆ ಋಣ. ಅಂಬಣ್ಣ ಹಲ್ಲು ಕಡಿದು ಸೌಟನ್ನು ಹಿಂದಕ್ಕೆ ಬಚ್ಚಿಟ್ಟುಕೊಳ್ಳುತ್ತಾನೆ. ಆ ಎಲೆ ಇನ್ನೂ ಖಾಲಿಯೇ ಇದೆ.