ಪ್ರಭಾರ ಗಂಡುಹಕ್ಕಿ

ಸಂರಕ್ಷಿತ ಅರಣ್ಯದೊಳಗೆ ಯಾವ ಕಟ್ಟಡವನ್ನೂ ಕಟ್ಟತಕ್ಕದ್ದಲ್ಲ. ಕಟ್ಟಿದರೆ ಏನಾಗಬಹುದು ಎಂದು ಪರಿಶೀಲಿಸುವುದಕ್ಕೆ ಬೇಕಾದ ಕಟ್ಟಡಗಳ ಹೊರತು. ಈ ನಿಯಮ ಬರೆದವರು ಯಾರೋ ಗೊತ್ತಿಲ್ಲ. ಆದರೆ ಪುಣ್ಯಾತ್ಮರು ಮುಂದಾಲೋಚನೆ ಉಳ್ಳವರು ಎಂಬುದರಲ್ಲಿ ಎರಡು ಮಾತಿಲ್ಲ.

ಪರಿಸರ ಪರಿಶೀಲನಾ ಕಚೇರಿಯ ಹಿರಿಯ ಅಧಿಕಾರಿಗೆ ಅಪ್ಪ ಅಮ್ಮ ಇಟ್ಟ ಹೆಸರು ಬೇರೆಯೇ ಇತ್ತು. ಕಚೇರಿಯಲ್ಲಿ ಮಾತ್ರ ಎಲ್ಲರಿಗೂ ಅವರು ‘ಇನ್ನಷ್ಟು ಸಾಹೇಬರು’. ಯಾಕೆಂದರೆ ಯಾವ ಯೋಜನೆ ಬಂದರೂ ಅವರು ಬರೆಯುತ್ತಿದ್ದುದು ಒಂದೇ ವಾಕ್ಯ: ‘ಇನ್ನಷ್ಟು ಅಧ್ಯಯನ ಅಗತ್ಯ.’ ಆ ಕಚೇರಿಯಲ್ಲಿ ‘ಬೇಡ’ ಎಂದು ಬರೆಯುವ ಪದ್ಧತಿಯೇ ಇರಲಿಲ್ಲ. ಕೆಲಸಕ್ಕೆ ಸೇರಿದ ದಿನವೇ ಅವರ ಹಿಂದಿನ ಅಧಿಕಾರಿ ಕಿವಿಯಲ್ಲಿ ಊದಿದ್ದರು: “ನೋಡಪ್ಪಾ, ಬೇಡ ಅಂದ್ರೆ ಜಗಳಕ್ಕೆ ಬರ್ತಾರೆ. ಇನ್ನಷ್ಟು ಅಂದ್ರೆ ಸುಸ್ತಾಗಿ ತಾವೇ ಹೋಗ್ತಾರೆ.” ಹಾವೂ ಸಾಯಬಾರದು, ಕೋಲೂ ಮುರಿಯಬಾರದು. ಈ ಒಂದೇ ಮಂತ್ರದಿಂದ ಸಾಹೇಬರು ಕಾಡಿಗೆ ಬರಬೇಕಿದ್ದ ಒಂದು ಸರ್ಕಸ್ಸು, ಒಂದು ಗಾಲ್ಫ್ ಮೈದಾನ, ಕೆರೆಯ ಮೇಲೆ ತೇಲುವ ಒಂದು ಮದುವೆ ಛತ್ರ ಇಷ್ಟನ್ನೂ ಸುಸ್ತು ಮಾಡಿ ಕಳಿಸಿದ್ದರು.

ಹಾಗೆಂದು ಅವರಿಗೆ ಇಡೀ ಕಾಡಿನ ಮೇಲೆ ಪ್ರೀತಿ ಉಕ್ಕಿ ಹರಿಯುತ್ತಿತ್ತು ಎಂದೇನಲ್ಲ. ಜಿಗಣೆ ಕಂಡರೆ ಮೈಯೆಲ್ಲ ನಡುಗುವ ಮನುಷ್ಯ. ಅವರ ಪ್ರೀತಿ ಇದ್ದದ್ದು ಒಂದು ಮರದ ಮೇಲೆ. ಕಾಡಿನ ನಡುವಿನ ಹಳೇ ತಾರೆಮರ. ಅದರ ಪೊಟರೆಯಲ್ಲಿ ವರ್ಷವೂ ಒಂದು ಜೋಡಿ ಮಂಗಟ್ಟೆ ಹಕ್ಕಿ ಗೂಡು ಮಾಡುತ್ತಿತ್ತು. ಈ ಹಕ್ಕಿಯ ಸಂಸಾರವೇ ವಿಚಿತ್ರ. ಹೆಣ್ಣು ಪೊಟರೆಯೊಳಗೆ ಹೋಗಿ ಕೂತು ಬಾಗಿಲನ್ನು ಒಳಗಿನಿಂದ ಮೆತ್ತಿಕೊಂಡುಬಿಡುತ್ತದೆ. ಬಿಡುವುದು ಕೊಕ್ಕು ತೂರುವಷ್ಟು ಸೀಳು ಮಾತ್ರ. ಮರಿ ಬಲಿಯುವ ತನಕ ಗಂಡು ಅತ್ತಿಹಣ್ಣು ತಂದು ತಂದು ಆ ಸೀಳಿನಲ್ಲಿ ಉಣಿಸಬೇಕು. ಗಂಡು ಬರಲಿಲ್ಲವೋ, ಒಳಗೆ ತಾಯಿಯೂ ಉಳಿಯುವುದಿಲ್ಲ, ಮರಿಯೂ ಉಳಿಯುವುದಿಲ್ಲ. ಮದುವೆಯಾದ ಹೊಸದರಲ್ಲಿ ಸಾಹೇಬರು ಹೆಂಡತಿಯನ್ನು ಕರೆದುಕೊಂಡು ಹೋಗಿ ಇದನ್ನು ತೋರಿಸಿದ್ದರು. ಆಕೆ ಕತ್ತೆತ್ತಿ ತುಂಬ ಹೊತ್ತು ನೋಡಿ, “ನೋಡಿ ಕಲೀರಿ” ಅಂದಿದ್ದರು. ಅವತ್ತಿನಿಂದ ಆ ಮರವೆಂದರೆ ಸಾಹೇಬರಿಗೆ ಪ್ರಾಣ. ಆದರೆ ಕಲಿತದ್ದೇನೂ ಇಲ್ಲ. ಮನೆಗೆ ಒಂದು ದಿನ ತರಕಾರಿ ತಂದವರಲ್ಲ.

ಹೀಗಿರಲಾಗಿ ‘ಹಸಿರು ಉಲ್ಲಾಸಧಾಮ’ ಎಂಬ ಯೋಜನೆ ಬಂತು. ಜೊತೆಗೆ ಅದರ ಯಜಮಾನರೂ ಬಂದರು. ದುಂಡು ಮುಖ, ಬಾಯಲ್ಲಿ ಸದಾ ಏಲಕ್ಕಿ. ಅವರಿಗೆ ಸಿಟ್ಟು ಬಂದದ್ದನ್ನು ಕಂಡವರಿಲ್ಲ. ಯಾರು ಏನೇ ಹೇಳಲಿ, “ಆಗ್ಲಿ ಸ್ವಾಮಿ” ಎನ್ನುವರು. ಸಾಹೇಬರು ನಕ್ಷೆ ಬಿಡಿಸಿ ನೋಡಿದರು. ಕೊಠಡಿಗಳು ಇಲ್ಲಿ, ಈಜುಕೊಳ ಅಲ್ಲಿ, ಊಟದ ಸಭಾಂಗಣ ಸರಿಯಾಗಿ ತಾರೆಮರ ಇದ್ದ ಜಾಗದಲ್ಲಿ. ಅವರು ಕೂಡಲೇ ಪೆನ್ನು ತೆಗೆದು ಬರೆದರು: ‘ಪ್ರವಾಸಿಗರ ಗಲಾಟೆಯಿಂದ ಪ್ರಾಣಿಗಳ ಮೇಲಾಗುವ ಪರಿಣಾಮದ ಬಗ್ಗೆ ಇನ್ನಷ್ಟು ಅಧ್ಯಯನ ಅಗತ್ಯ.’

“ಆಗ್ಲಿ ಸ್ವಾಮಿ,” ಅಂದರು ಯಜಮಾನರು. “ಆದ್ರೆ ಪ್ರವಾಸಿಗರ ಗಲಾಟೆ ಅಧ್ಯಯನ ಮಾಡೋಕೆ ಪ್ರವಾಸಿಗರು ಬೇಕಲ್ಲ?”

ಮಾತಿನಲ್ಲಿ ತಪ್ಪು ಹುಡುಕಲು ಸಾಹೇಬರು ಕನ್ನಡಕ ತೆಗೆದು ಒರೆಸಿ ಮತ್ತೆ ಹಾಕಿಕೊಂಡರು. ತಪ್ಪು ಸಿಗಲಿಲ್ಲ.

ಹೀಗೆ ಕಾಡಿಗೆ ‘ಅಧ್ಯಯನಾರ್ಥ ಪ್ರವಾಸಿಗರು’ ಬಂದರು. ಅವರು ರಾತ್ರಿ ಮಲಗಬೇಕಲ್ಲ, ‘ನಿದ್ರಾ ವೀಕ್ಷಣಾ ಕೊಠಡಿಗಳು’ ಎದ್ದವು. ಕೊಠಡಿಗಳ ಕೊಳೆನೀರು ಹಳ್ಳ ಸೇರೀತು ಎಂದು ಸಾಹೇಬರು ಬರೆದರು, ಇನ್ನಷ್ಟು ಅಧ್ಯಯನ ಅಗತ್ಯ. “ಆಗ್ಲಿ ಸ್ವಾಮಿ,” ಎಂದು ಯಜಮಾನರು ನೀಲಿ ಹೆಂಚು ಹಾಸಿದ ‘ಜಲ ಪರಿಣಾಮ ಮಾಪನ ಕೊಳ’ ಕಟ್ಟಿಸಿದರು. ಮರದ ತುದಿಯಲ್ಲಿ ಬದುಕುವ ಜೀವಿಗಳ ಗತಿ ಏನು ಎಂದು ಸಾಹೇಬರು ಕೇಳಿದರು. ಯಜಮಾನರು ಮರದಿಂದ ಮರಕ್ಕೆ ಹಗ್ಗ ಕಟ್ಟಿಸಿ, ಜನರು ಕಿರುಚುತ್ತಾ ಜಾರಿಹೋಗುವ ಏರ್ಪಾಡು ಮಾಡಿಸಿದರು. ಗದ್ದಲದ ಮಿತಿ ತಿಳಿಯಬೇಡವೇ ಎಂದು ವಾರದ ಕೊನೆಗೆ ಧ್ವನಿವರ್ಧಕ ಇಟ್ಟು ಕುಣಿತ ಶುರುವಾಯಿತು. ಸಾಹೇಬರು ಚಾಪೆ ಕೆಳಗೆ ತೂರಿದರೆ ಯಜಮಾನರು ರಂಗೋಲಿ ಕೆಳಗೆ ತೂರುತ್ತಿದ್ದರು.

ಕಾಡಿನ ಬಾಗಿಲಲ್ಲಿ ಫಲಕವೂ ನಿಂತಿತು:

‘ಸಾರ್ವಜನಿಕರ ಗಮನಕ್ಕೆ. ಇದು ಸಂರಕ್ಷಿತ ಅರಣ್ಯ. ಇಲ್ಲಿ ವಿಹರಿಸುವುದು ಶಿಕ್ಷಾರ್ಹ ಅಪರಾಧ. ಕೊಳದಲ್ಲಿ ಈಜುತ್ತಿರುವವರು ನೀರಿನ ಮೇಲೆ ಪರಿಣಾಮ ಬೀರುತ್ತಿದ್ದಾರೆ. ಹಗ್ಗದಲ್ಲಿ ಜಾರುತ್ತಿರುವವರು ಮರದ ತುದಿಗಳನ್ನು ಗಮನಿಸುತ್ತಿದ್ದಾರೆ. ದಯವಿಟ್ಟು ಅವರ ಕರ್ತವ್ಯಕ್ಕೆ ಅಡ್ಡಿಪಡಿಸಬೇಡಿ.’

ಅರಣ್ಯ ರಕ್ಷಕ ಓಡಿಬಂದು ವರದಿ ಒಪ್ಪಿಸಿದ. “ಸಾರ್, ಹುಡುಕಿದ್ರೂ ಒಂದು ಕಡವೆ ಕಾಣ್ತಿಲ್ಲ!” ಇದು ಕಡತದಲ್ಲಿ ಹೀಗೆ ದಾಖಲಾಯಿತು: ‘ಗದ್ದಲದಿಂದ ತೊಂದರೆಗೊಳಗಾದ ಕಡವೆ ಒಂದೂ ಕಂಡುಬಂದಿರುವುದಿಲ್ಲ.’

ಮನೆಯಲ್ಲಿ ಹೆಂಡತಿ ಊಟಕ್ಕೆ ಬಡಿಸುತ್ತಾ ಕೇಳಿದರು. “ಅಲ್ಲಾರೀ, ನೀವು ಅದನ್ನ ತಡೀತಾ ಇದೀರೋ ಕಟ್ಟಿಸ್ತಾ ಇದೀರೋ?”

“ತಡೀತಾ ಇದೀನಿ ಕಣೇ. ಇನ್ನೂ ಅನುಮತಿ ಕೊಟ್ಟಿಲ್ಲ.”

“ನನ್ನ ತಂಗಿ, ಅವಳ ಗಂಡ ಹೋಗಿ ಬಂದ್ರಂತೆ. ಎರಡು ರಾತ್ರಿ ಇದ್ದು ಚೆನ್ನಾಗಿ ಪರಿಣಾಮ ಬೀರಿ ಬಂದ್ವಿ ಅಕ್ಕಾ, ನೀವೂ ಒಂದ್ಸಲ ಬೀರಿ ಬನ್ನಿ ಅಂದ್ಲು.” ಆಕೆ ಸೌಟನ್ನು ಪಾತ್ರೆಗೆ ಕುಕ್ಕಿದರು. “ಮರ ಏನಾಯ್ತು?”

“ಮರ ಇದೆ. ಹೆಣ್ಣು ಒಳಗೆ ಕೂತಿದೆ. ಮರಿ ದನಿ ಕೇಳಿಸ್ತಂತೆ.”

“ನೋಡ್ಕೊಳ್ಳಿ ಮತ್ತೆ. ಆ ಮರಕ್ಕೇನಾದ್ರೂ ಆದ್ರೆ ಈ ಮನೇಲಿ ನಿಮಗೆ ಅನ್ನ ಬಡಿಸೋರು ಇನ್ನಷ್ಟು ಅಧ್ಯಯನ ಮಾಡ್ತಾರೆ.”

ಸಾಹೇಬರು ಎತ್ತಿದ ತುತ್ತನ್ನು ತಟ್ಟೆಗೇ ಹಾಕಿ ಕೈ ತೊಳೆದರು. ಹೆದರಿಕೆ ಅನ್ನದ ಬಗ್ಗೆ ಅಲ್ಲ. ತಾನು ಆಯುಷ್ಯವೆಲ್ಲ ಜಪಿಸಿದ ಮಂತ್ರ ಉಲ್ಟಾ ಹೊಡೆಯುತ್ತಿದೆ ಎಂದು ಅವರಿಗೆ ಅರ್ಥವಾಗಿ ಹೋಗಿತ್ತು.

ಅಂತಿಮ ಸಭೆ ನಿರ್ದೇಶಕಿಯವರ ಕೊಠಡಿಯಲ್ಲಿ ನಡೆಯಿತು. ಮೇಜಿನ ಮೇಲೆ ಗಾಜು, ಗಾಜಿನ ಕೆಳಗೆ ಹಳೆಯ ಕ್ಯಾಲೆಂಡರು, ತಲೆಯ ಮೇಲೆ ಕಿರುಗುಟ್ಟುವ ಫ್ಯಾನು. ನಿರ್ದೇಶಕಿ ಮೇಡಂ ವರದಿಯ ಸಾರಾಂಶ ಓದಿದರು: ‘ಉಲ್ಲಾಸಧಾಮಕ್ಕೆ ಬೇಕಾದ ಕೊಠಡಿ, ಕೊಳ, ಹಗ್ಗ, ಕುಣಿತ ಎಲ್ಲವೂ ಸ್ಥಳದಲ್ಲಿ ಈಗಾಗಲೇ ಇರುವುದರಿಂದ, ಉಲ್ಲಾಸಧಾಮವನ್ನು ನಿರ್ಮಿಸುವುದರಿಂದ ಅರಣ್ಯದಲ್ಲಿ ಯಾವುದೇ ಬದಲಾವಣೆ ಆಗತಕ್ಕದ್ದಲ್ಲ.’

“ಊಟದ ಸಭಾಂಗಣ ಒಂದು ಬಾಕಿ ಇದೆ,” ಅಂದರು ಮೇಡಂ. “ನಿಮ್ಮ ಅಭಿಪ್ರಾಯ?”

ಸಾಹೇಬರು ಪೆನ್ನು ತೆಗೆದರು. ಅಭ್ಯಾಸಬಲದಿಂದ ಕೈ ‘ಇ’ ಬರೆಯಿತು. ಅದನ್ನು ಹೊಡೆದುಹಾಕಿದರು. ಆಮೇಲೆ, ಇದ್ದ ಧೈರ್ಯವನ್ನೆಲ್ಲ ಬೆರಳಿಗೆ ತಂದುಕೊಂಡು ಬರೆದರು: ‘ಬೇಡ.’

ಚಹಾ ತಂದ ಜವಾನ ಕತ್ತು ಚಾಚಿ ಕಡತದೊಳಗೆ ಇಣುಕಿದ. ಮೇಡಂ ಆ ಪದವನ್ನು ದೂರ ಹಿಡಿದು ನೋಡಿದರು, ಹತ್ತಿರ ಹಿಡಿದು ನೋಡಿದರು. “ಹೀಗೂ ಬರೀಬಹುದಾ?” ಎಂದು ಗುಮಾಸ್ತನನ್ನು ಕೇಳಿದರು. ನಿಯಮಾವಳಿ ತರಿಸಿ ನೋಡಿದರೆ, ಹೌದು, ಬರೆಯಬಹುದಿತ್ತು! ಮೊದಲಿನಿಂದಲೂ ಬರೆಯಬಹುದಿತ್ತಂತೆ. ಯಾರೂ ಬರೆದಿರಲಿಲ್ಲ, ಅಷ್ಟೆ.

“ಆಕ್ಷೇಪಣೆ ಸ್ವೀಕೃತವಾಗಿದೆ,” ಎಂದು ಮೇಡಂ ಗಂಭೀರವಾಗಿ ಘೋಷಿಸಿದರು. “ಸದರಿ ಮರದ ಒಂದು ಎಲೆಗೂ ಧಕ್ಕೆ ಆಗಬಾರದು.”

ಸಾಹೇಬರ ಕಣ್ಣಲ್ಲಿ ನೀರು ಬಂತು. ಇಷ್ಟು ಸುಲಭವಿತ್ತೇ?

“ಆಗ್ಲಿ ಸ್ವಾಮಿ,” ಎಂದರು ಎದುರಿನ ಕುರ್ಚಿಯಲ್ಲಿದ್ದ ಯಜಮಾನರು ಏಲಕ್ಕಿ ಕಚ್ಚುತ್ತಾ. “ಮರ ಒಳಗೇ ಇರ್ಲಿ.”

ಒಂದು ಎಲೆಗೂ ಧಕ್ಕೆಯಾಗಲಿಲ್ಲ, ಸುಳ್ಳು ಹೇಳಬಾರದು. ಮರದ ಸುತ್ತ ಗಾಜಿನ ಗೋಡೆಯ ಸಭಾಂಗಣ ಎದ್ದಿತು. ಗಾಳಿ ಧೂಳಿನಿಂದ ಮರವನ್ನು ಕಾಪಾಡಲು ಮೇಲೆ ಗಾಜಿನ ಮಾಡೂ ಬಂತು. ಒಳಗೆ ಮರ, ಮರದೊಳಗೆ ಹೆಣ್ಣು, ಹೆಣ್ಣಿನ ಮಡಿಲಲ್ಲಿ ಮರಿ. ಗಂಡು ಮಾತ್ರ ಹೊರಗೆ ಉಳಿಯಿತು. ಕೊಕ್ಕಿನಲ್ಲಿ ಹಣ್ಣು ಕಚ್ಚಿಕೊಂಡು ಗಾಜಿಗೆ ಬಡಿಯಿತು, ಸುತ್ತಿ ಬಂದು ಮತ್ತೆ ಬಡಿಯಿತು.

ಸಾಹೇಬರು ನಿರ್ದೇಶಕಿಯವರ ಕೊಠಡಿಗೆ ಚಪ್ಪಲಿ ಕಳಚುವುದನ್ನೂ ಮರೆತು ನುಗ್ಗಿದರು. “ಮೇಡಂ, ಗಾಜಲ್ಲಿ ಒಂದು ಕಿಂಡಿ. ಒಂದೇ ಒಂದು ಕಿಂಡಿ ಬಿಡಿಸಿ, ನಿಮ್ಮ ಕಾಲಿಗೆ ಬೀಳ್ತೀನಿ. ಒಳಗೆ ಹಸಿದು ಸಾಯ್ತಾವೆ!”

ಮೇಡಂ ಕಡತ ತೆರೆದು ತಮ್ಮ ಮುತ್ತಿನಂಥ ಅಕ್ಷರದಲ್ಲಿ ಬರೆದು, ತಿರುಗಿಸಿ ತೋರಿಸಿದರು: ‘ಕಿಂಡಿಯ ಪರಿಣಾಮದ ಬಗ್ಗೆ ಇನ್ನಷ್ಟು ಅಧ್ಯಯನ ಅಗತ್ಯ.’

“ನಿಮ್ಮಿಂದಲೇ ಕಲಿತದ್ದು,” ಎಂದರು ಗೌರವದಿಂದ. ಆದರೆ ಅವರೇನು ಕಲ್ಲುಹೃದಯದವರಲ್ಲ. ಅಂದೇ ಆದೇಶ ಹೊರಟಿತು:

‘ಸದರಿ ಗಂಡುಹಕ್ಕಿಯು ಪೂರ್ವಾನುಮತಿ ಇಲ್ಲದೆ ಕರ್ತವ್ಯಕ್ಕೆ ಗೈರುಹಾಜರಾಗಿರುವುದರಿಂದ ಹಾಗೂ ಗೂಡಿನ ಕೆಲಸ ನಿಲ್ಲಿಸುವಂತಿಲ್ಲವಾದ್ದರಿಂದ, ಹಿರಿಯ ಪರಿಶೀಲನಾಧಿಕಾರಿಯವರು ತಮ್ಮ ಈಗಿನ ಹುದ್ದೆಯ ಜೊತೆಗೆ ಗಂಡುಹಕ್ಕಿಯ ಪ್ರಭಾರವನ್ನೂ ಮುಂದಿನ ಆದೇಶದವರೆಗೆ ವಹಿಸಿಕೊಳ್ಳತಕ್ಕದ್ದು.’

ಒಲ್ಲೆ ಎಂದರೆ ಒಳಗಿನ ಎರಡು ಜೀವ ಹೋಗುತ್ತಿದ್ದವು. ಸಾಹೇಬರು ವಹಿಸಿಕೊಂಡರು. ಮೊದಲ ದಿನ ಏಣಿ ಹತ್ತುವಾಗ ಬುಟ್ಟಿ ವಾಲಿ, ಅತ್ತಿಹಣ್ಣುಗಳೆಲ್ಲ ಕೆಳಗೆ ಊಟಕ್ಕೆ ಕೂತವರ ತಟ್ಟೆಗೆ ಉದುರಿದವು. ಜನ ಖುಷಿಪಟ್ಟರು. ಎರಡನೇ ದಿನ ಹೆಣ್ಣು ಸೀಳಿನಿಂದ ಕೊಕ್ಕು ಚಾಚಿ ಅವರ ಬೆರಳನ್ನೇ ಕಚ್ಚಿತು. ಆಮೇಲೆ ಬೇರೆ ದಾರಿ ಕಾಣದೆ ಹಣ್ಣು ತೆಗೆದುಕೊಂಡಿತು. ಕ್ರಮೇಣ ಊಟದ ಹೊತ್ತಿಗೆ ಗಂಟೆ ಬಾರಿಸುವುದು, ಸಾಹೇಬರು ಏಣಿ ಹತ್ತುವುದು, ಜನ ಚಪ್ಪಾಳೆ ತಟ್ಟುವುದು ರೂಢಿಯಾಯಿತು. ಹೊರಗಿನ ಗೋಡೆಗೆ ಹೊಸ ಫಲಕ ಬಂತು: ‘ಗಾಜು ಬಡಿಯುವ ಹಕ್ಕಿಗೂ ಈ ಸಂಸ್ಥೆಗೂ ಯಾವುದೇ ಸಂಬಂಧ ಇರುವುದಿಲ್ಲ.’

ಮನೆಯಲ್ಲಿ ಹೆಂಡತಿ ಬೆಳಗಾಗೆದ್ದು ಬುಟ್ಟಿಗೆ ಅತ್ತಿಹಣ್ಣು ತುಂಬಿ ಕೊಡತೊಡಗಿದರು. “ಅವತ್ತು ನೋಡಿ ಕಲೀರಿ ಅಂದಿದ್ದೆ,” ಅಂದರು ಒಂದು ದಿನ. “ಇಷ್ಟು ನಿಧಾನಕ್ಕೆ ಕಲೀತೀರಿ ಅಂದ್ಕೊಂಡಿರ್ಲಿಲ್ಲ.” ನಗಲು ಹೊರಟವರು ಸೆರಗಿನಿಂದ ಕಣ್ಣು ಒರೆಸಿಕೊಂಡು ಒಳಗೆ ಹೋದರು.

ಗಂಡುಹಕ್ಕಿ ಕೆಲವು ದಿನ ಗಾಜಿಗೆ ಬಡಿದು ಬಡಿದು ನಿಲ್ಲಿಸಿತು. ಅದಕ್ಕೂ ಕಚೇರಿಯ ರೀತಿನೀತಿ ಅರ್ಥವಾಗಿರಬೇಕು. ಒಂದು ಬೆಳಿಗ್ಗೆ ಸಾಹೇಬರು ಬುಟ್ಟಿ ಹಿಡಿದು ಸಭಾಂಗಣದ ಬಾಗಿಲಿಗೆ ಬಂದರೆ, ಅದು ಮೆಟ್ಟಿಲ ಮೇಲೆ ಕೂತಿತ್ತು. ಅವರನ್ನು ನೋಡಿತು, ಬುಟ್ಟಿಯನ್ನು ನೋಡಿತು. ಕೊಕ್ಕಿನಲ್ಲಿದ್ದ ಹಣ್ಣನ್ನು ಮೆಟ್ಟಿಲ ಮೇಲಿಟ್ಟು ಹಿಂದೆ ಸರಿಯಿತು. ಸಾಹೇಬರು ಬಗ್ಗಿ ಎತ್ತಿಕೊಂಡು, ಪಂಚೆಯ ತುದಿಯಲ್ಲಿ ಒರೆಸಿ, ಬುಟ್ಟಿಗೆ ಹಾಕಿಕೊಂಡರು.

ಈಗ ಅದು ದಿನವೂ ತಪ್ಪದೆ ಬರುತ್ತದೆ. ಕಚೇರಿಯ ದಾಖಲೆಯಲ್ಲಿ ಅದರ ಹೆಸರು ಹಣ್ಣು ಸರಬರಾಜುದಾರರ ಸಾಲಿನಲ್ಲಿದೆ. ಹಣ್ಣಿನ ಗುಣಮಟ್ಟ ತೃಪ್ತಿಕರ ಎಂದು ಮೇಡಂ ಷರಾ ಬರೆದಿದ್ದಾರೆ. ಸಾಹೇಬರಿಗೆ ಕೊಟ್ಟಿದ್ದ ಆದೇಶದಿಂದ ‘ಪ್ರಭಾರ’ ಎಂಬ ಪದವನ್ನು ತೆಗೆದು ಅವರನ್ನು ಖಾಯಂ ಮಾಡಲಾಗಿದೆ. ಹಣ್ಣು ಕೊಟ್ಟ ಮೇಲೆ ಹಕ್ಕಿ ಗಾಜಿನ ಆಚೆಯ ಕೊಂಬೆಯಲ್ಲಿ ಕೂತು, ಸಾಹೇಬರು ಏಣಿ ಹತ್ತುವುದನ್ನು ಕತ್ತೆತ್ತಿ ನೋಡುತ್ತಿರುತ್ತದೆ. ಚಪ್ಪಾಳೆ ಮುಗಿದ ಮೇಲೆ ಹಾರಿಹೋಗುತ್ತದೆ.