ನಮ್ಮತ್ತಿ ಮನಿಯಾಗಿಲ್ಲ

ಮನೆಯಲ್ಲಿ ಒಬ್ಬರು ಮಾತುಗಾರರಿದ್ದರೆ ಸಾಕು, ನಗೆಯ ಪ್ರಸಂಗಗಳಿಗೆ ಬರ ಇರುವುದಿಲ್ಲ. ನಮ್ಮ ಮನೆಯಲ್ಲಿ ಅತ್ತಿ, ನನ್ನ ಗಂಡನ ತಾಯಿ, ಇದ್ದರು. ರೋಣದ ನಮ್ಮ ಓಣಿಯಲ್ಲಿ ಹಾದುಹೋಗುವವರು ಯಾರೇ ಆಗಲಿ, "ಎಲ್ಲಿಗೆ ಹೊಂಟ್ರಿ, ಊಟ ಆತೇನ?" ಎಂದು ಅವರ ಕೈಲಿ ಕೇಳಿಸಿಕೊಳ್ಳದೆ ಮುಂದೆ ಹೋಗುವಂತಿರಲಿಲ್ಲ. ನಾನು ಹಾಗಲ್ಲ. ಜಕ್ಕಲಿಯ ಶಾಲೆಯಲ್ಲಿ ಇಡೀ ದಿನ ಮಕ್ಕಳ ಮುಂದೆ ಒದರಿ ಬಂದವಳಿಗೆ, ಮನೆಯಲ್ಲಿ ಒಂದು ತಾಸು ಯಾರೂ ಮಾತಾಡಿಸದಿದ್ದರೆ ಅದೇ ಹಬ್ಬ. ಹೀಗಾಗಿ ಇವೆಲ್ಲ ನಡೆದಾಗ ಓಣಿಯವರು ನಕ್ಕರು, ನನ್ನ ಗಂಡ ನಕ್ಕರು, ನಾನೊಬ್ಬಳು ಮಾತ್ರ ಮುಖ ಗಂಟು ಹಾಕಿಕೊಂಡೇ ಇದ್ದೆ. ಅತ್ತಿ ಹೋಗಿ ಎಂಟು ತಿಂಗಳಾಯಿತು. ಈಗ ಒಬ್ಬಳೇ ರೊಟ್ಟಿ ಬಡಿಯುವಾಗ ನೆನಪಾಗಿ ನಗು ಬರುತ್ತದೆ. ಆ ನಗು ಅವರು ಇದ್ದಾಗಲೇ ಬಂದಿದ್ದರೆ ಏನಾಗುತ್ತಿತ್ತು ಎಂದು ಅದರ ಹಿಂದೆಯೇ ಅನ್ನಿಸುತ್ತದೆ.

ಗಜೇಂದ್ರಗಡದ ಮದುವೆ

ನಾನು ಈ ಮನೆಗೆ ಬಂದ ಹೊಸತು. ನಮ್ಮವರದು ಬೀಜ-ಗೊಬ್ಬರದ ಅಂಗಡಿ. ಅಂಗಡಿಗೆ ಬರುವ ಗಜೇಂದ್ರಗಡದ ವ್ಯಾಪಾರಿಯೊಬ್ಬರ ಮಗಳ ಮದುವೆಗೆ ನಾನು, ಅತ್ತಿ ಇಬ್ಬರೇ ಹೋಗಿದ್ದೆವು. ಬಸ್ ಇಳಿದು ಹೋದರೆ ಅಲ್ಲಿ ಒಂದೇ ಕಂಪೌಂಡಿನಲ್ಲಿ ಎರಡು ಕಲ್ಯಾಣ ಮಂಟಪ, ಎರಡರಲ್ಲೂ ಮದುವೆ. ನಾನು ಚಪ್ಪಲಿ ಬಿಟ್ಟು ನೋಡುವಷ್ಟರಲ್ಲಿ ಅತ್ತಿ ಎಡಗಡೆಯದರೊಳಗೆ ಹೋಗಿಯಾಗಿತ್ತು. ಹೋದವರು ಸುಮ್ಮನೆ ಕೂತರೆ? ಹುಡುಗಿಯ ಸೋದರತ್ತೆಗೆ ನೆತ್ತಿ ಹತ್ತಿದಾಗ ಬೆನ್ನು ಸವರಿದರು, ಅಡಿಗೆಯವನಿಗೆ ಸಾರಿನಲ್ಲಿ ಉಪ್ಪು ಮುಂದಾಗಿದೆ ಎಂದು ಹೇಳಿಕಳಿಸಿದರು, ಅಳುತ್ತಿದ್ದ ಯಾರದೋ ಕೂಸನ್ನು ತೊಡೆಯ ಮೇಲೆ ಮಲಗಿಸಿಕೊಂಡರು. ನಾನು ಅಕ್ಷತೆ ಹಾಕಲು ವೇದಿಕೆ ಹತ್ತಿದಾಗ, ಹಿಂದೆ ಹೂವಿನಲ್ಲಿ ಬರೆದ ಹೆಸರು ಕಂಡಿತು. ಅದು ನಮ್ಮ ವ್ಯಾಪಾರಿಯ ಮಗಳ ಹೆಸರಲ್ಲ. ಇಳಿದು ಬಂದು ಅತ್ತಿಯ ಕಿವಿಯಲ್ಲಿ ಹೇಳಿದೆ, "ಅತ್ತಿ, ಇದು ನಮ್ಮ ಮದುವಿ ಅಲ್ರಿ. ಲಗೂ ಏಳ್ರಿ."

"ಗೊತ್ತೈತಿ ಬಿಡವಾ" ಎಂದರು.

"ಗೊತ್ತಿದ್ದೂ ಕುಂತೀರೇನ್ರಿ?"

"ಬಾಗಲದಾಗ ಕೈ ಹಿಡದು ಕರದ್ರು. ನಮ್ಮವ್ರು ಬರೇ ಪತ್ರಿಕಿ ಕಳಿಸಿ ಕರದಾರ. ಯಾರ ಮನಿಗೆ ಮೊದಲ ಹೋಗಬೇಕು, ನೀನ ಹೇಳು. ಸಾಲಿ ಕಲಿತಾಕಿ."

ನಾನು ಬಸ್ಸಿನಲ್ಲಿ ರೋಣದವರೆಗೆ ಮಾತಾಡಲಿಲ್ಲ. ಅತ್ತಿಗೆ ಅದರಿಂದ ಏನೂ ತೊಂದರೆಯಾಗಲಿಲ್ಲ. ಪಕ್ಕದ ಸೀಟಿನಲ್ಲಿ ಎಡಗಡೆಯ ಮದುವೆಯವರೇ ಇದ್ದರು.

ರಾಂಗ್ ನಂಬರ್

ನಮ್ಮವರು ಅತ್ತಿಗೆ ಒಂದು ಸಣ್ಣ ಮೊಬೈಲ್ ಕೊಡಿಸಿದರು. ನರಗುಂದದಲ್ಲಿ ಇರುವ ಮಗಳ ಜೊತೆ ಮಾತಾಡಲಿ ಎಂದು. ಮಗಳಿಗಿಂತ ಮೊದಲು ಬಂದದ್ದು ಕೊಣ್ಣೂರಿನ ಒಬ್ಬ ರೈತನ ಫೋನು. ಅವನಿಗೆ ಬೇಕಾಗಿದ್ದದ್ದು ಟ್ರ್ಯಾಕ್ಟರ್ ರಿಪೇರಿಯವನು. ಬೇರೆಯವರಾಗಿದ್ದರೆ ಇಟ್ಟುಬಿಡುತ್ತಿದ್ದರು. ಅತ್ತಿ, "ಟ್ರ್ಯಾಕ್ಟರಿಗೆ ಏನಾಗೈತಿ?" ಎಂದು ಕೇಳಿದರು. ಅವನು ಹೇಳಿದ. "ಬಿತ್ತೂ ಟೈಮಿನ್ಯಾಗ ಹಿಂಗಾತಲ್ಲೊ ಯಪ್ಪಾ, ಎತ್ತು ಅದಾವೇನ?" ಎಂದರು. ಎತ್ತು ಮಾರಿಬಿಟ್ಟಿದ್ದ. ಯಾಕೆ ಮಾರಿದ, ಹೆಂಡತಿ ಬೇಡ ಎಂದಳೋ ಇಲ್ಲವೋ, ಹೆಂಡತಿಯ ತವರು ಯಾವುದು, ಎಲ್ಲ ಹೊರಬಿತ್ತು. ನಾನು ಅಡುಗೆಮನೆಯಿಂದ, "ಅತ್ತಿ, ಯಾರ್ರಿ ಅದು?" ಎಂದು ಕೂಗಿದರೆ, "ಯಾರೋ ಗೊತ್ತಿಲ್ಲವಾ, ಆದ್ರ ಭಾಳ ತ್ರಾಸಿನ್ಯಾಗ ಅದಾನ" ಎಂದರು.

ಆಮೇಲೆ ಅವನು ಹದಿನೈದು ದಿನಕ್ಕೊಮ್ಮೆ ಫೋನು ಮಾಡತೊಡಗಿದ. ಹೊಳೆಗೆ ನೀರು ಬಂದಾಗ ಮಾಡಿದ, ಸೇತುವೆ ಮುಳುಗಿದಾಗ ಮಾಡಿದ, ಮಗಳಿಗೆ ಗಂಡು ನೋಡಿದಾಗ ಹುಡುಗನ ಬಗ್ಗೆ ಅರ್ಧ ತಾಸು ವಿಚಾರಣೆ ನಡೆಯಿತು. ನನಗೆ ಇದು ಸರಿಬರಲಿಲ್ಲ. ಗುರುತಿಲ್ಲದ ಗಂಡಸಿನ ಜೊತೆ ಇದೆಂಥ ಮಾತು ಎಂದು ಒಂದು ದಿನ ನಾನೇ ಫೋನು ಎತ್ತಿ, ಶಾಲೆಯ ದನಿಯಲ್ಲಿ ಹೇಳಿದೆ, "ನೋಡ್ರಿ, ಇದು ರಾಂಗ್ ನಂಬರ್."

ಆ ಕಡೆಯಿಂದ ಬಹಳ ಸಮಾಧಾನದ ಉತ್ತರ ಬಂತು. "ಗೊತ್ತೈತ್ರಿ ಅಕ್ಕಾರ. ಎರಡ ವರ್ಷ ಆತು. ಅಮ್ಮಾರಿಗೆ ಕೊಡ್ರಿ."

ಬಚ್ಚಲಮನೆ

ಇದನ್ನು ಹೇಳಲು ನನಗೆ ನಾಚಿಕೆಯಾಗುತ್ತದೆ. ಆದರೂ ಹೇಳುತ್ತೇನೆ, ಏಕೆಂದರೆ ಅತ್ತಿ ಇದನ್ನು ಯಾರಿಗೂ ಹೇಳಲಿಲ್ಲ.

ಒಂದು ಭಾನುವಾರ ಪರೀಕ್ಷೆಯ ಪೇಪರು ಹರಡಿಕೊಂಡು ಕೂತಿದ್ದೆ. ಬೆಳಗಿನಿಂದ ಅತ್ತಿಯನ್ನು ಕಾಣಲು ನಾಲ್ಕು ಮಂದಿ ಬಂದು ಹೋಗಿದ್ದರು. ನಾಲ್ಕು ಸಲ ಚಹಾ ಆಗಿತ್ತು. ಐದನೆಯವರು ಬಾಗಿಲು ಬಡಿದಾಗ ನನ್ನ ತಾಳ್ಮೆ ಮುಗಿದಿತ್ತು. ತೆರೆದರೆ ಕೈಯಲ್ಲಿ ಗಂಟು ಹಿಡಿದ ಒಬ್ಬ ಮುದುಕಿ. "ಹೊಳೆಮಣ್ಣೂರಿಂದ ಬಂದೀನ್ರಿ. ಗೆಳತಿ ಅದಾಳೇನ್ರಿ?" ಎಂದಳು.

"ಇಲ್ರಿ. ಗಜೇಂದ್ರಗಡಕ್ಕ ಹೋಗ್ಯಾರ" ಎಂದೆ. ಬಾಯಿಗೆ ಬಂದ ಊರು ಅದು.

ಮುದುಕಿಯ ಮುಖ ಸಣ್ಣದಾಯಿತು. ಹೋಗುತ್ತಾಳೆ ಎಂದುಕೊಂಡರೆ, "ನಾಕಕ್ಕ ನನ್ನ ಬಸ್ಸು. ಅಲ್ಲೀತನ ಕುಂದರತೀನಿ, ಬಂದರೂ ಬಂದಾಳು" ಎಂದು ಪಡಸಾಲೆಯಲ್ಲಿ ಕೂತಳು. ಆಗ ಎರಡೂವರೆ. ಅತ್ತಿ ಒಳಗೇ ಇದ್ದರು. ಯಾವ ಕ್ಷಣದಲ್ಲಾದರೂ "ಯಾರವಾ ಬಂದಾರ?" ಎನ್ನುತ್ತಾ ಹೊರಗೆ ಬರಬಹುದು. ನಾನು ಓಡಿ ಒಳಗೆ ಹೋದೆ. ಕೋಣೆಯಲ್ಲಿ ಅತ್ತಿ ಇಲ್ಲ. ಅಡುಗೆಮನೆಯಲ್ಲಿ ಇಲ್ಲ. ಕೊನೆಗೆ ನೋಡಿದರೆ, ಬಚ್ಚಲಮನೆಯ ಕತ್ತಲಲ್ಲಿ, ಬೋರಲು ಹಾಕಿದ ಬಕೆಟ್ಟಿನ ಮೇಲೆ, ಕೆಮ್ಮು ಬಾರದ ಹಾಗೆ ಬಾಯಿಗೆ ಸೆರಗು ಒತ್ತಿಕೊಂಡು ಕೂತಿದ್ದಾರೆ. ಎಲ್ಲ ಕೇಳಿಸಿಕೊಂಡಿದ್ದರು.

"ಅತ್ತಿ, ಬರ್ರಿ. ಈಗ ಬಂದ್ರು ಅಂತ ಹೇಳತೀನಿ" ಎಂದೆ.

"ಹಿತ್ತಲ ಬಾಗಲಕ್ಕ ಗಜೇಂದ್ರಗಡದ ಬಸ್ಸು ಬರತೈತೇನ?" ಎಂದು ಪಿಸುಗುಟ್ಟಿದರು. "ಸುಮ್ನಿರು. ಸಾಲಿ ಕಲಿಸಾಕಿ ನೀ. ಸೊಸಿ ಸುಳ್ಳ ಹೇಳಿದ್ಲು ಅಂತ ಆಕಿ ಮನಸಿನ್ಯಾಗ ಬರಬಾರದು. ಚಾ ಕೊಟ್ಟೀಯೇನ? ಸಕ್ರಿ ಹಾಕಬ್ಯಾಡ, ಆಕಿಗೆ ಸಕ್ರಿ ಬ್ಯಾನಿ ಐತಿ."

ಸಕ್ಕರೆ ಇಲ್ಲದ ಚಹಾ ಒಯ್ದೆ. ಮುದುಕಿ ಬೆರಗಾಗಿ ನೋಡಿದಳು. "ನನಗ ಸಕ್ರಿ ಬ್ಯಾನಿ ಅಂತ ನಿನಗ ಹ್ಯಾಂಗ ಗೊತ್ತು?" "ಅತ್ತಿ ಹೇಳತಿದ್ರು" ಎಂದೆ. ಬಚ್ಚಲಿಗೆ ಹೋದಾಗ ಇನ್ನೊಂದು ಅಪ್ಪಣೆ, "ಗುರೆಳ್ಳು ಚಟ್ನಿ ಕಟ್ಟಿ ಕೊಡು, ಆಕಿಗೆ ಜೀವ." ಅದನ್ನೂ ಕೊಟ್ಟೆ. ಮುದುಕಿಯ ಕಣ್ಣಲ್ಲಿ ನೀರು ಬಂತು. "ನಾ ಬರತೀನಿ ಅಂತ ಗೊತ್ತಿದ್ದಂಗ ಎಲ್ಲಾ ಹೇಳಿ ಹೋಗ್ಯಾಳ ನೋಡು" ಎಂದಳು. ಆಮೇಲೆ ಅವಳು ಬಂದ ಕಾರಣ ಹೇಳಿದಳು. ಹೊಳೆ ವರ್ಷ ವರ್ಷ ಮನೆಯೊಳಗೆ ಬರುತ್ತದೆ, ಸಾಕಾಯಿತು, ಸೊಲ್ಲಾಪುರದ ಮಗಳ ಮನೆಗೆ ಹೋಗಿಬಿಡುತ್ತಿದ್ದೇನೆ, ಹೋಗುವ ಮೊದಲು ಒಮ್ಮೆ ಮುಖ ನೋಡೋಣ ಎಂದು ಬಂದೆ ಎಂದಳು.

ಆಗಲಾದರೂ ನಾನು ಬಾಯಿ ಬಿಡಬೇಕಿತ್ತು. ಬಿಡಲಿಲ್ಲ. ನಾಲ್ಕರ ಬಸ್ಸಿಗೆ ಅವಳು ಎದ್ದು ಹೋದಳು.

ಬಚ್ಚಲಿಗೆ ಹೋಗಿ ಅತ್ತಿಗೆ ಸೊಲ್ಲಾಪುರದ ಸುದ್ದಿ ಹೇಳಿದೆ. ಅದೊಂದು ಅವರಿಗೆ ಕೇಳಿಸಿರಲಿಲ್ಲ. ಬಾಯಿಂದ ಸೆರಗು ತೆಗೆದು, "ಆಕಿ ಮಾರಿ ಹ್ಯಾಂಗಿತ್ತು?" ಎಂದು ಕೇಳಿದರು. "ಮುಖ ಚಲೋ ಇತ್ರಿ" ಎಂದೆ. ನನ್ನ ಭುಜ ಹಿಡಿದು ಎದ್ದರು. ಒಂದೂವರೆ ತಾಸು ಬಕೆಟ್ಟಿನ ಮೇಲೆ ಕೂತು ಕಾಲು ಜೋಮು ಹಿಡಿದಿತ್ತು. ಗೋಡೆಗೆ ಆತುಕೊಂಡು ನಿಂತು ಹೇಳಿದರು, "ಗಜೇಂದ್ರಗಡ ಭಾಳ ದೂರ ಆತು ಯವ್ವಾ."

ಬೇಸಗೆ ರಜೆಯಲ್ಲಿ ಸೊಲ್ಲಾಪುರಕ್ಕೆ ಕರೆದುಕೊಂಡು ಹೋಗುತ್ತೇನೆ ಎಂದು ಅವತ್ತೇ ಮಾತು ಕೊಟ್ಟೆ. ಆ ಬೇಸಗೆಯಲ್ಲಿ ನನಗೆ ತರಬೇತಿ ಬಂತು. ಮುಂದಿನ ಬೇಸಗೆಯಲ್ಲಿ ಇನ್ನೇನೋ. ಅತ್ತಿ ಎರಡನೆಯ ಸಲ ಕೇಳಲಿಲ್ಲ.

ಯಾರದೋ ಕೈ

ಅತ್ತಿ ಹೋದ ಮೇಲೆ ಗೋಡೆಗೆ ಹಾಕಲು ಒಂದು ಫೋಟೋ ಬೇಕಾಯಿತು. ಮನೆಯಲ್ಲಿದ್ದ ಆಲ್ಬಮ್ ಎಲ್ಲ ತೆಗೆದು ನೋಡಿದೆವು. ಅತ್ತಿ ಒಬ್ಬರೇ ಇರುವ ಫೋಟೋ ಒಂದೂ ಇಲ್ಲ. ಇದ್ದವುಗಳಲ್ಲೂ ಅರ್ಧದಲ್ಲಿ ಅವರು ಕ್ಯಾಮೆರಾ ನೋಡುತ್ತಿಲ್ಲ, ಪಕ್ಕದವರ ಜೊತೆ ಮಾತಾಡುತ್ತಿದ್ದಾರೆ. ಕೊನೆಗೆ ಯಾವುದೋ ಸೀಮಂತದ ಫೋಟೋದಲ್ಲಿ ಮುಖ ನೆಟ್ಟಗೆ ಸಿಕ್ಕಿತು. ಸ್ಟುಡಿಯೋದವನು ಸುತ್ತಲಿದ್ದವರನ್ನೆಲ್ಲ ಕತ್ತರಿಸಿ ತೆಗೆದ. ಆದರೆ ಹೆಗಲ ಮೇಲೆ ಒಂದು ಕೈ ಉಳಿಯಿತು.

"ಇದನ್ನ ತಗದ್ರ ಅಮ್ಮಾರ ಹೆಗಲೂ ಹೋಗತೈತ್ರಿ. ಏನ್ ಮಾಡ್ಲಿ?" ಎಂದ.

ನಮ್ಮವರು, "ಇರಲಿ ಬಿಡಪಾ. ಒಬ್ಬಾಕಿನ ಇದ್ದು ನಮ್ಮವ್ವಗ ರೂಢಿ ಇಲ್ಲ" ಎಂದರು.

ಈಗ ಬಂದವರೆಲ್ಲ ಆ ಫೋಟೋದ ಮುಂದೆ ನಿಂತು, ಕಣ್ಣು ಒರೆಸಿಕೊಂಡು, "ಆ ಕೈ ನಂದ" ಎನ್ನುತ್ತಾರೆ. ಇಲ್ಲಿಯವರೆಗೆ ಏಳು ಮಂದಿ ಹಾಗೆ ಹೇಳಿದ್ದಾರೆ. ನಾನು ಯಾರಿಗೂ ಅಲ್ಲ ಎನ್ನಲಿಲ್ಲ. ಆದರೆ ಆ ಕೈಯಲ್ಲಿ ಡಜನ್ ಹಸಿರು ಬಳೆ ಇವೆ, ಆ ಏಳು ಮಂದಿಯಲ್ಲಿ ಇಬ್ಬರು ಗಂಡಸರು.

ಟಂಟಂನಲ್ಲಿ ಬಂದವರು

ಕೊನೆಗೆ ಅತ್ತಿಗೆ ಉಬ್ಬಸ ಹೆಚ್ಚಾಗಿ ಗದಗಿನ ಒಂದು ದವಾಖಾನೆಯಲ್ಲಿ ಹನ್ನೆರಡು ದಿನ ಇದ್ದರು. ಹೆಂಗಸರ ವಾರ್ಡು, ಎಂಟು ಕಾಟು. ಡಾಕ್ಟರು ಹೆಚ್ಚು ಮಾತಾಡಬಾರದು ಎಂದಿದ್ದರು. ನಾನು ರಾತ್ರಿ ಅಲ್ಲೇ ಮಲಗಿ, ಬೆಳಿಗ್ಗೆ ಶಾಲೆಗೆ ಹೋಗುವ ಮೊದಲು ಗಟ್ಟಿಯಾಗಿ ಹೇಳಿ ಹೋಗುತ್ತಿದ್ದೆ, "ಅತ್ತಿ, ಇಲ್ಲಿಯಾದ್ರೂ ಸುಮ್ಮನ ಇರ್ರಿ." ಅವರು ತಲೆಯಾಡಿಸುತ್ತಿದ್ದರು. ಸಂಜೆ ಬಂದಾಗ ಕಣ್ಣು ಮುಚ್ಚಿ ಮಲಗಿರುತ್ತಿದ್ದರು. ಮಾತು ಕೇಳುತ್ತಿದ್ದಾರೆ ಎಂದು ನನಗೆ ಸಮಾಧಾನ. ಮನೆಗೆ ಬಂದು ಎರಡು ವಾರಕ್ಕೆ, ಒಂದು ಮಧ್ಯಾಹ್ನ ಉಂಡು ಮಲಗಿದವರು ಏಳಲಿಲ್ಲ.

ಅದಾಗಿ ತಿಂಗಳ ಮೇಲೆ ಒಂದು ಭಾನುವಾರ ಮನೆಯ ಮುಂದೆ ಬಾಡಿಗೆಯ ಟಂಟಂ ರಿಕ್ಷಾ ನಿಂತಿತು. ಅದರಿಂದ ಒಬ್ಬರ ಹಿಂದೆ ಒಬ್ಬರು ಒಂಬತ್ತು ಹೆಂಗಸರು ಇಳಿದರು. ಮೊದಲು ಮೊಣಕಾಲಿಗೆ ಪಟ್ಟಿ ಕಟ್ಟಿ ಕೋಲು ಹಿಡಿದ ಮುದುಕಿ, ಅವಳ ಹಿಂದೆ ವಾರ್ಡಿನ ಆಯಾ, ಬಣ್ಣದ ಸೀರೆಯಲ್ಲಿ ಗುರುತೇ ಸಿಗದ ನರ್ಸು, ಉಳಿದವರು ಅಕ್ಕಪಕ್ಕದ ಕಾಟಿನವರು, ಅವರ ಮಕ್ಕಳು ಸೊಸೆಯರು. ಕೈಯಲ್ಲಿ ಹೂವು, ಬಾಳೆಹಣ್ಣು. ಕೋಲಿನ ಮುದುಕಿ ಏದುಸಿರು ಬಿಡುತ್ತಾ, "ಅಮ್ಮಾರ ಅದಾರೇನ್ರಿ? ಎಲ್ಲಾರೂ ಅರಾಮ ಆದಮ್ಯಾಲ ಕೂಡಿ ಊಟಕ್ಕ ಬರ್ರಿ ಅಂದಿದ್ರು" ಎಂದಳು.

ಒಳಗೆ ಕರೆದೆ. ಅವರು ಗೋಡೆಯ ಫೋಟೋ ನೋಡಿದರು, ಅದರ ಮೇಲಿನ ಹಾರ ನೋಡಿದರು. ನರ್ಸು ತಂದ ಹೂವನ್ನು ಎಲ್ಲಿ ಇಡಬೇಕೆಂದು ತಿಳಿಯದೆ ಕೈಯಲ್ಲೇ ಹಿಡಿದುಕೊಂಡು ನಿಂತಳು. ಸ್ವಲ್ಪ ಹೊತ್ತು ಎಲ್ಲರೂ ಅತ್ತರು. ಆಮೇಲೆ ಆಯಾ, "ಬರತೇವ್ರಿ ಅಕ್ಕಾರ, ನಿಮಗ ತ್ರಾಸ ಬ್ಯಾಡ" ಎಂದು ಎದ್ದಳು.

"ಕುಂದರ್ರಿ" ಎಂದೆ. "ಉಂಡ ಹೋಗಬೇಕು."

ನಮ್ಮವರನ್ನು ಮೊಸರಿಗೆ ಓಡಿಸಿದೆ. ಒಲೆ ಹಚ್ಚಿ ಜೋಳದ ಹಿಟ್ಟು ಕಲಸಿದೆ. ಎಣ್ಣೆಗಾಯಿ ಬದನೆಕಾಯಿ ಮಾಡಿದೆ, ಬೇಳೆ ಪಲ್ಯ ಮಾಡಿದೆ. ಒಂಬತ್ತು ಮಂದಿಗೆ ಬಿಸಿ ರೊಟ್ಟಿ ಬಡಿಯುವುದು ಎಂದರೆ ಸಣ್ಣ ಕೆಲಸವಲ್ಲ. ಇಷ್ಟು ವರ್ಷ ಅತ್ತಿ ಕರೆದವರಿಗೆಲ್ಲ ಗೊಣಗುತ್ತಲೇ ಬಡಿದಿದ್ದೆ. ಅವತ್ತು ಗೊಣಗಲು ಮನಸ್ಸು ಬರಲಿಲ್ಲ. ಗೊಣಗಿದರೂ ಕೇಳಿಸಿಕೊಳ್ಳುವವರಾರು?

ಬಡಿಸಲು ಹೊರಗೆ ಬಂದರೆ ಒಂದು ವಿಚಿತ್ರ. ಯಾರೂ ಮಾತಾಡುತ್ತಿಲ್ಲ. ಎಲ್ಲರೂ ತಲೆ ಬಗ್ಗಿಸಿ ನನ್ನ ಕೈಯನ್ನೇ ನೋಡುತ್ತಿದ್ದಾರೆ. ರೊಟ್ಟಿ ಹಾಕಿದರೆ ಕೈ ನೋಡುತ್ತಾರೆ, ಪಲ್ಯ ಹಾಕಿದರೆ ಕೈ ನೋಡುತ್ತಾರೆ. ನಾನು ಎದುರಿಗೆ ನಿಂತರೆ ಪಕ್ಕಕ್ಕೆ ಹೊರಳಿ ಗೋಡೆ ನೋಡುತ್ತಾರೆ. ಮೂರನೆಯ ಸುತ್ತಿಗೆ ನನಗೆ ತಡೆಯಲಾಗಲಿಲ್ಲ.

"ಯಾಕ್ರಿ, ಪಲ್ಯಕ್ಕ ಉಪ್ಪು ಕಡಿಮಿ ಆಗೈತೇನ? ಯಾರೂ ನನ್ನ ಮಾರಿ ನೋಡವೊಲ್ರಿ?"

ನರ್ಸಿನ ಬಾಯಲ್ಲಿ ರೊಟ್ಟಿ ಇತ್ತು. ನಗು ತಡೆಯಲು ಹೋಗಿ ನೆತ್ತಿ ಹತ್ತಿತು. ನೀರು ಕುಡಿದು ಹೇಳಿದಳು, "ತಪ್ಪು ತಿಳ್ಕೊಬ್ಯಾಡ್ರಿ ಅಕ್ಕಾರ. ನೀವು ಸಾಲಿಗೆ ಹೋದ ಕೂಡ್ಲೆ ಅಮ್ಮಾರು ಎದ್ದು ಕುಂತು ದಿನಾ ನಿಮ್ಮ ಸುದ್ದೀನ ಹೇಳತಿದ್ರು. ಊಟಕ್ಕ ಕರದಾಗ ನಮಗ ಹೇಳಿಕೊಟ್ಟಾರ. 'ನನ್ನ ಸೊಸಿ ಮಾರಿ ನೋಡಿ ಅಂಜಿ ಎದ್ದು ಬರಬ್ಯಾಡ್ರಿ. ಮಾರಿ ಹಂಗ ಐತಿ, ಆಕೀದೇನ ತಪ್ಪಿಲ್ಲ, ಮಕ್ಕಳಿಗೆ ಗಣಿತ ಕಲಿಸಿ ಕಲಿಸಿ ಹಂಗಾಗೈತಿ. ನೀವು ಮಾರಿ ನೋಡಬ್ಯಾಡ್ರಿ, ಬರೇ ಕೈ ನೋಡಿ ಉಣ್ರಿ. ಅಂಥಾ ಕೈ ಈ ಸೀಮ್ಯಾಗ ಇಲ್ಲ' ಅಂದಿದ್ರು."

ನನಗೆ ಅಳು ಬಂತೋ ನಗು ಬಂತೋ ಇವತ್ತಿಗೂ ತಿಳಿಯದು. ಎರಡೂ ಒಟ್ಟಿಗೆ ಬಂದು ಮುಖ ಏನೇನೋ ಆಗಿರಬೇಕು, ಏಕೆಂದರೆ ಕೋಲಿನ ಮುದುಕಿ ಮೊದಲ ಸಲ ತಲೆ ಎತ್ತಿ ನನ್ನನ್ನು ನೆಟ್ಟಗೆ ನೋಡಿದಳು. ಸಂತೆಯಲ್ಲಿ ಎಮ್ಮೆ ನೋಡುವಂತೆ ಆ ಕಡೆಯಿಂದ ಒಮ್ಮೆ, ಈ ಕಡೆಯಿಂದ ಒಮ್ಮೆ ನೋಡಿ, ತಾಟು ಮುಂದೆ ಸರಿಸಿದಳು.

"ಅಮ್ಮಾರು ಹೇಳಿದಷ್ಟೇನ ಕೆಟ್ಟಿಲ್ಲ ಬಿಡವಾ" ಎಂದಳು. "ಇನ್ನೊಂದ ರೊಟ್ಟಿ ಹಾಕು."