ಒಲೆ ಹಚ್ಚದ ಎಂಟು ದಿನ

“ಒಲೆ ಅನ್ನೋದು ಮನುಷ್ಯ ಮಾಡ್ಕೊಂಡ ಮೊದಲನೇ ತಪ್ಪು ಕಣೇ. ಬೆಂಕಿ ಮುಟ್ಟಿದ ಮೇಲೆ ಸೊಪ್ಪು ಸೊಪ್ಪಲ್ಲ, ಕಾಳು ಕಾಳಲ್ಲ. ಸೌತೆಕಾಯಿ ಕಡಿದು ನೋಡು, ಕಟಕ್ ಅಂತ ಮಾತಾಡುತ್ತೆ. ಅದನ್ನೇ ಸಾರಿಗೆ ಹಾಕು, ಬಾಯಿ ಬಿದ್ದೋಯ್ತು. ಬೇಸಿಗೇಲಿ ಭೂಮ್ತಾಯಿ ಏನೇನು ಕೊಡ್ತಾಳೆ ಎಣಿಸು. ಕಲ್ಲಂಗಡಿ, ಕರಬೂಜ, ತಾಟಿನಿಂಗು, ಮಾವಿನಕಾಯಿ. ಇದರಲ್ಲಿ ಯಾವುದಾದ್ರೂ ಒಗ್ಗರಣೆ ಕೇಳುತ್ತಾ? ಹೊರಗೆ ಬಿಸಿಲು ಬೇಯಿಸ್ತದೆ, ಒಳಗೆ ನೀನು ಬೇಯಿಸ್ತೀಯ, ಮಧ್ಯೆ ಮನುಷ್ಯ ಬೇಯ್ತಾನೆ. ನಮ್ಮ ಹುಳುಮನೇಗೇ ಹೋಗಿ ನೋಡು. ಆ ಹುಳ ಹುಟ್ಟಿದಾಗಿನಿಂದ ಹಸಿ ಸೊಪ್ಪು ಬಿಟ್ಟು ಇನ್ನೊಂದು ಮುಟ್ಟಿಲ್ಲ. ಉಪ್ಪು ಕೇಳಿಲ್ಲ, ಕಾಫಿ ಕೇಳಿಲ್ಲ. ಕೊನೇಗೆ ಏನು ಕೊಡ್ತು? ರೇಷ್ಮೆ. ನಾನೂ ನೀನೂ ಅರವತ್ತು ವರ್ಷ ಮುದ್ದೆ ಸಾರು ಉಂಡು ಏನು ಕೊಟ್ವಿ? ಬರೀ ತೇಗು.”

ಹೀಗೆಂದವರು ಮುನಿವೆಂಕಟಪ್ಪ. ಶಿಡ್ಲಘಟ್ಟಕ್ಕೆ ಎರಡು ಮೈಲಿ ದೂರದ ಊರು, ಸ್ವಂತ ಹಿಪ್ಪುನೇರಳೆ ತೋಟ, ಹಿತ್ತಲಲ್ಲಿ ಹುಳುಮನೆ. ಫೋನಿನಲ್ಲಿ ಯಾರೋ ಗಡ್ಡದವರು ಮಾತಾಡಿದ್ದನ್ನು ಕೇಳಿ, ಎಂಟು ದಿನದ ಕೆಳಗೆ ಮನೆಯ ಗ್ಯಾಸಿನ ಒಲೆಗೆ ಅರಿಶಿನ ಕುಂಕುಮ ಇಟ್ಟು, ಮೇಲೊಂದು ಹಳೆ ಟವೆಲು ಹೊದಿಸಿ, ಇನ್ನು ಮಳೆಗಾಲದವರೆಗೆ ತನಗೆ ಬೇಯಿಸಿದ್ದು ಬೇಡ ಎಂದು ಸಾರಿಬಿಟ್ಟಿದ್ದರು.

ಎದುರಿಗೆ ಕೂತು ನೆನೆದ ಹೆಸರುಕಾಳು ಬಸಿಯುತ್ತಿದ್ದ ಹೆಂಡತಿ ಅಮ್ಮಾಜಮ್ಮ ಸೆರಗಿನಿಂದ ಕಣ್ಣೊರೆಸಿಕೊಂಡರು. ಕಣ್ಣಲ್ಲಿ ನೀರೇನೂ ಇರಲಿಲ್ಲ.

ಅಮ್ಮಾಜಮ್ಮ: ನೀವು ಏನಾದ್ರೂ ಹೇಳಿ, ನನ್ನ ಹೊಟ್ಟೆ ಉರೀತದೆ. ಮನೆ ಯಜಮಾನ ಮೇಕೆ ಥರ ಸೊಪ್ಪು ಮೇಯ್ತಾ ಕೂತ್ರೆ ನೋಡಿದೋರು ಏನಂದಾರು? ಒಂದೇ ಒಂದು ತುತ್ತು ಬಿಸಿ ಮುದ್ದೆ ಉಣ್ಣಿ, ನಿಮ್ಮ ದಮ್ಮಯ್ಯ.

ಮುನಿವೆಂಕಟಪ್ಪ: ಆಗಲ್ಲ.

ಅಮ್ಮಾಜಮ್ಮ: ಹುರುಳಿಕಾಳು ಬಸ್ಸಾರು ಮಾಡ್ತೀನಿ.

ಮುನಿವೆಂಕಟಪ್ಪ: ನೀನು ಎಷ್ಟು ಬೇಡ್ಕೊಂಡ್ರೆ ನಾನು ಅಷ್ಟು ಗಟ್ಟಿಯಾಗ್ತೀನಿ. ಈ ಮುನಿವೆಂಕಟಪ್ಪನ ಮಾತು ಅಂದ್ರೆ ಮಾತು.

ಅಮ್ಮಾಜಮ್ಮನ ಮನಸ್ಸು ತಣ್ಣಗಾಯಿತು. ಅವರಿಗೆ ಬೇಕಿದ್ದುದು ಆ ಗಟ್ಟಿತನವೇ.

ಗುಟ್ಟು ಏನೆಂದರೆ, ರೇಷ್ಮೆಹುಳುವಿಗೆ ನಾಲ್ಕು ಸಲ ಜ್ವರ ಬರುತ್ತದೆ. ಜ್ವರವೆಂದರೆ ಕಾಯಿಲೆಯಲ್ಲ, ಮೇವು ಬಿಟ್ಟು ಮಲಗಿ ಪೊರೆ ಕಳಚುವುದು. ನಾಲ್ಕನೇ ಜ್ವರ ಎದ್ದ ಮೇಲೆ ಅದಕ್ಕೆ ಬರುವ ಹಸಿವು ಅಷ್ಟಿಷ್ಟಲ್ಲ. ಹಣ್ಣಾಗಿ, ಗೂಡು ಕಟ್ಟಲು ಬಿದಿರಿನ ಚಂದ್ರಿಕೆ ಹತ್ತುವವರೆಗೆ ಸೊಪ್ಪು ಹಾಕಿ ಹಾಕಿ ಮನೆಯವರ ಸೊಂಟ ಬಿದ್ದು ಹೋಗುತ್ತದೆ. ಮೊನ್ನೆಯಷ್ಟೇ ಹುಳು ಜ್ವರ ಎದ್ದಿತ್ತು. ಇನ್ನೂ ಐದು ದಿನ ಬಾಕಿ. ಬೇರೆ ಸಲವಾದರೆ ಈ ದಿನಗಳಲ್ಲೇ ಗಂಡನಿಗೆ ಬೆಳಿಗ್ಗೆ ತಿಂಡಿ, ಮಧ್ಯಾಹ್ನ ಮುದ್ದೆ, ಸಂಜೆ ಬೋಂಡ, ರಾತ್ರಿ ಚಪಾತಿ, ನಡುನಡುವೆ ನಾಲ್ಕು ಲೋಟ ಕಾಫಿ ಆಗಬೇಕು. ನಲವತ್ತು ವರ್ಷದ ಹುಳು ಬೆಳೆಗಳಲ್ಲಿ ಇದೇ ಮೊದಲು, ಅಮ್ಮಾಜಮ್ಮ ಮಧ್ಯಾಹ್ನ ಒಂದು ಗಂಟೆ ಕಾಲು ಚಾಚಿ ಮಲಗಿದ್ದು. ಅವರಿಗೇನು, ಎರಡು ದಿನಕ್ಕೊಮ್ಮೆ ಹಿತ್ತಲ ನೀರೊಲೆಯಲ್ಲಿ ಒಂದು ಚೊಂಬು ಅಂಬಲಿ ಕಾಯಿಸಿಟ್ಟುಕೊಂಡು, ಮಜ್ಜಿಗೆ ಈರುಳ್ಳಿ ಹಾಕಿಕೊಂಡು ಕುಡಿದರೆ ಮುಗಿಯಿತು.

“ಒಳ್ಳೇದಾಯ್ತು, ಹಸೀದೇ ತಿನ್ನಿ” ಎಂದು ಬಾಯಿ ತಪ್ಪಿ ಅಂದಿದ್ದರೆ ಆವತ್ತೇ ಟವೆಲು ಎತ್ತಿ ಒಲೆ ಹಚ್ಚಿಸುವ ಗಂಡ. ಬೇಡ ಎಂದರೆ ಮಾತ್ರ ಹಿಡಿದು ಕೂರುವವರು. ಅದಕ್ಕೇ ದಿನಕ್ಕೆರಡು ಸಲ, ಮಾತ್ರೆ ನುಂಗಿಸಿದ ಹಾಗೆ, ಬೇಡಿಕೊಳ್ಳುತ್ತಿದ್ದರು.

ಅಮ್ಮಾಜಮ್ಮ: ಬರಿಗಾಲಲ್ಲಿ ನಡೆಯೋದಾದ್ರೂ ಬಿಡಿ. ಹನ್ನೊಂದು ಗಂಟೆ ಬಿಸಿಲಿಗೆ ಹೋಗಿ ಮೂರು ಗಂಟೆಗೆ ಬರ್ತೀರ. ಅಂಗಾಲು ಹಪ್ಪಳ ಆಗೋಯ್ತದೆ.

ಮುನಿವೆಂಕಟಪ್ಪ: ಪಾದ ಭೂಮಿಗೆ ತಾಗಬೇಕು. ಹಸೀದು ತಿಂದು ಬರಿಗಾಲಲ್ಲಿ ನಡೆದ್ರೆ ಹೊಟ್ಟೆ ತಾನೇ ತುಂಬ್ತದೆ. ನನಗೇ ಆಶ್ಚರ್ಯ. ಬಂದ ಮೇಲೆ ಹಸಿವೇ ಇರಲ್ಲ.

ಅಷ್ಟರಲ್ಲಿ ಅಂಗಳದಲ್ಲಿ ಮೊಪೆಡ್ ನಿಂತ ಸದ್ದು. ಬಂದವರು ಅಬ್ದುಲ್ ಸತ್ತಾರ್. ಶಿಡ್ಲಘಟ್ಟ ಪೇಟೆಯಲ್ಲಿ ಗೂಡಿನಿಂದ ನೂಲು ತೆಗೆಯುವ ಬಿಚ್ಚಾಣಿಕೆ ನಡೆಸುವವರು, ಮುನಿವೆಂಕಟಪ್ಪನವರಿಗೆ ಬಾಲ್ಯದ ಗೆಳೆಯ. ಎದುರಿಗೆ ಒಂದು ಗಟ್ಟಿ ಮಾತಾಡಲು ಸಂಕೋಚಪಡುವ ಜೀವ. ಅವರನ್ನು ನೋಡಿದ್ದೇ ಮುನಿವೆಂಕಟಪ್ಪ ಕೈಲಿದ್ದ ಸೌತೆಕಾಯಿ ಕೆಳಗಿಟ್ಟು ಎದ್ದು ನಿಂತರು.

ಮುನಿವೆಂಕಟಪ್ಪ: ಏನು ಭಾಯಿ, ನೀನ್ಯಾಕೆ ಬಂದೆ? ನಾನೇ ಆ ಕಡೆ ಬರ್ತಿದ್ನಲ್ಲ. ಅಂದ್ರೆ, ನಡೀತಾ ನಡೀತಾ.

ಸತ್ತಾರ್: ಅದಕ್ಕೇ ಬಂದೆ ಮುನಿಯಣ್ಣ. ನೀವು ಹೊರಡೋಕೆ ಮುಂಚೆ ಬರಬೇಕು ಅಂತ ನಮ್ಮನೆಯವಳು ಕಳಿಸಿದ್ಲು. ಅಮ್ಮಾಜಮ್ಮ, ಚೆನ್ನಾಗಿದೀರಾ?

ಅಮ್ಮಾಜಮ್ಮ: ಎಲ್ಲಿ ಚೆನ್ನಾಗಿರೋದು ಸತ್ತಾರಣ್ಣ. ನಿಮ್ಮ ಗೆಳೆಯರು ಒಲೆ ಹಚ್ಚಬೇಡ ಅಂತಾರೆ. ಗಂಡ ಉಪವಾಸ ಇರುವಾಗ ನನ್ನ ಗಂಟಲಲ್ಲಿ ನೀರು ಇಳಿಯಲ್ಲ.

ಸತ್ತಾರ್: (ತಲೆ ತಗ್ಗಿಸಿ) ತೌಬಾ ತೌಬಾ. ಮುನಿಯಣ್ಣ, ಸಾಕು ಮಾಡಿ. ಆಯಮ್ಮನ ಮುಖ ನೋಡಿ, ಎಷ್ಟು ಇಳಿದೋಗಿದೆ.

ಅಮ್ಮಾಜಮ್ಮನಿಗೆ ಗಾಬರಿಯಾಯಿತು. ಪಕ್ಕದ ಮನೆ ಗಂಗುಲಮ್ಮ ನಿನ್ನೆ ತಾನೆ, ಈ ಬೆಳೆಯಲ್ಲಿ ಮೈ ತುಂಬಿಕೊಂಡಿದೀಯ ಎಂದಿದ್ದಳು.

ಸತ್ತಾರ್: ಮನೆ ಅಂದ್ಮೇಲೆ ಒಲೆ ಹಚ್ಚಬೇಕು. ಅಮ್ಮಾಜಮ್ಮ, ಇವತ್ತೇ ಹಚ್ಚಿಬಿಡಿ. ಟವೆಲು ನಾನೇ ತೆಗೀತೀನಿ.

ಅಮ್ಮಾಜಮ್ಮ: (ಅಡ್ಡ ನಿಂತು) ಅಯ್ಯೋ ನೀವು ಮುಟ್ಟಬೇಡಿ ಅಣ್ಣ. ಅವರು ಮಾತು ಕೊಟ್ಟಿದಾರೆ. ಅವರೇ ಮನಸ್ಸು ಮಾಡಬೇಕು. ಮಾಡಲ್ಲ ಬಿಡಿ. ಮಾಡೋ ಜನವಾ ಇವರು?

ಮುನಿವೆಂಕಟಪ್ಪ: ಮಾಡಲ್ಲ. ಹುಳ ನೋಡು ಭಾಯಿ, ಹಸಿ ಸೊಪ್ಪು ತಿಂದೇ ಬಂಗಾರದಂಥ ಗೂಡು ಕಟ್ಟಲ್ವಾ?

ಸತ್ತಾರ್: ಕಟ್ಟುತ್ತೆ. ಆಮೇಲೆ ಆ ಗೂಡನ್ನ ನಾನು ಕುದಿಯೋ ನೀರಲ್ಲಿ ಬೇಯಿಸ್ತೀನಿ. ಬೇಯಿಸದೆ ಒಂದು ಎಳೆ ಬಿಡಲ್ಲ ಅದು. ಮೂವತ್ತೈದು ವರ್ಷ ಆಯ್ತು, ಹಸಿ ಗೂಡಿಂದ ಸೀರೆ ಬಂದಿದ್ದು ನೋಡಿಲ್ಲ ನಾನು.

ಇಂಥ ಮಾತಿಗೆ ಜವಾಬು ಗಡ್ಡದವರು ಮುನಿವೆಂಕಟಪ್ಪನವರಿಗೆ ಹೇಳಿಕೊಟ್ಟಿರಲಿಲ್ಲ. ಅವರ ಕಣ್ಣು ಮೆಲ್ಲಗೆ ಟವೆಲಿನ ಕಡೆ ತಿರುಗಿದ್ದು ಅಮ್ಮಾಜಮ್ಮನಿಗೆ ಕಾಣಿಸಿತು. ಇನ್ನು ಸುಮ್ಮನಿದ್ದರೆ ಐದು ದಿನದ ನಿದ್ದೆ ಕೈ ಬಿಟ್ಟು ಹೋಗುತ್ತದೆ.

ಅಮ್ಮಾಜಮ್ಮ: ಹಾಗೆ ಕೇಳಿ ಅಣ್ಣ. ಸೋತೆ ಅಂತ ಒಪ್ಕೊಳ್ಳಲಿ. ಡೈರಿ ಹತ್ರ ಊರೋರೆಲ್ಲರ ಮುಂದೆ, ಇವರನ್ನ ಕಂಡ್ರಾಗದ ವೆಂಕಟರಾಯಪ್ಪನೋರು ಹತ್ತು ದಿನ ತುಂಬೋಕೆ ಮುಂಚೆ ಬಿಡ್ತಾನೆ ಅಂದಿದ್ರಂತೆ. ಅವರ ಮಾತೇ ಗೆಲ್ಲಲಿ.

ಮುನಿವೆಂಕಟಪ್ಪ: ವೆಂಕಟರಾಯಪ್ಪ ಹಾಗಂದ್ನಾ?

ಅಮ್ಮಾಜಮ್ಮ: ನಕ್ಕೊಂಡು ಅಂದ್ರಂತೆ.

ಮುನಿವೆಂಕಟಪ್ಪ: ಹಾಗಾದ್ರೆ ಮಳೆಗಾಲ ಅಲ್ಲ, ದೀಪಾವಳಿವರೆಗೂ ಒಲೆ ಇಲ್ಲ.

ಸತ್ತಾರರು ದೀಪಾವಳಿಗೆ ಇನ್ನೆಷ್ಟು ತಿಂಗಳು ಎಂದು ಬೆರಳು ಮಡಿಸಿದರು. ಆರನೇ ಬೆರಳಿಗೆ ಬರುವಷ್ಟರಲ್ಲಿ ಅವರ ಮುಖ ಬಿಳುಚಿತು.

ಸತ್ತಾರ್: ದೀಪಾವಳಿ ಬೇಡ ಅಣ್ಣ. ಅಲ್ಲೀವರೆಗೂ ನಮ್ಮ ಕೈಲಿ, ಅಂದ್ರೆ ನಿಮ್ಮ ಕೈಲಿ ಆಗಲ್ಲ.

ಮುನಿವೆಂಕಟಪ್ಪ: ಭಾಯಿ, ಹೊರಗೆ ಹೋಗಣ ನಡಿ. ತೋಟ ತೋರಿಸ್ತೀನಿ.

ಸತ್ತಾರ್: ತೋಟ ನೋಡಿದೀನಿ.

ಮುನಿವೆಂಕಟಪ್ಪ: ಬೋರ್‌ವೆಲ್ ತೋರಿಸ್ತೀನಿ.

ಸತ್ತಾರ್: ಅದನ್ನೂ ನೋಡಿದೀನಿ.

ಅಮ್ಮಾಜಮ್ಮನಿಗೆ ಇದು ಯಾಕೋ ಸರಿಬರಲಿಲ್ಲ. ಆದರೂ ಕೈಗೆ ಬಂದ ಗೆಲುವನ್ನು ಭದ್ರ ಮಾಡಿಕೊಳ್ಳೋಣವೆಂದು ಗೋಡೆಗೊರಗಿ ಕೂತು ಸೆರಗನ್ನು ಮುಖಕ್ಕೆ ಎಳೆದುಕೊಂಡು, ಸಾವಿನ ಮನೆಯಲ್ಲಿ ಅಳುವ ಹಾಗೆ ರಾಗ ತೆಗೆದರು.

ಅಮ್ಮಾಜಮ್ಮ: ನನ್ನ ಗಂಡ ಉಪವಾಸ ಬಿದ್ದು ಸವೆದು ಹೋಗ್ತಾವ್ನಲ್ಲಪ್ಪೋ. ಬಿಸಿ ಅನ್ನ ಕಂಡು ಎಂಟು ದಿನ ಆಯ್ತಲ್ಲಪ್ಪೋ. ಕೈವಾರದ ತಾತಯ್ಯ, ನೀನೇ ನೋಡ್ಕೋ.

ಸತ್ತಾರರು ಹೆಣ್ಣುಮಕ್ಕಳು ಅತ್ತರೆ ತಡೆಯುವವರಲ್ಲ. ಮುನಿವೆಂಕಟಪ್ಪ ಹಿಂದಿನಿಂದ ಕೈ ಆಡಿಸುತ್ತಿದ್ದುದೂ ಅವರ ಕಣ್ಣಿಗೆ ಬೀಳಲಿಲ್ಲ.

ಸತ್ತಾರ್: ಅಳಬೇಡಿ ಅಮ್ಮ, ಅಳಬೇಡಿ. ಮುನಿಯಣ್ಣ ಉಪವಾಸ ಇಲ್ಲ. ಅಲ್ಲಾನ ಆಣೆ, ದಿನಾ ಮಧ್ಯಾಹ್ನ ನಮ್ಮನೇಲಿ ಹೊಟ್ಟೆ ತುಂಬ ಉಣ್ತಾರೆ.

ರಾಗ ನಿಂತಿತು. ಸೆರಗು ಇಳಿಯಿತು.

ಅಮ್ಮಾಜಮ್ಮ: ಏನು ಉಣ್ತಾರೆ?

ಸತ್ತಾರ್: ಬಿಸಿ ಅನ್ನ, ದಾಲ್ಚಾ. ನಿನ್ನೆ ನಮ್ಮನೆಯವಳು ಬಿಸ್ಮಿಲ್ಲಾ ಖೀಮಾ ಮಾಡಿದ್ಲು, ಎರಡು ಸಲ ಹಾಕಿಸ್ಕೊಂಡ್ರು. ಮೊದಲು ಎರಡು ಹೋಳು ಸೌತೆಕಾಯಿ ತಿಂತಾರೆ, ವ್ರತ ಕೆಡಬಾರದು ಅಂತ. ಉಣ್ತಾ ಉಣ್ತಾ ನಮ್ಮ ಮೊಮ್ಮಗಳು ಇಫ್ರಾಗೆ, ಬೇಯಿಸಿದ್ದು ವಿಷ ಕಣಮ್ಮ ಅಂತ ಬುದ್ಧಿನೂ ಹೇಳ್ತಾರೆ.

ಅಮ್ಮಾಜಮ್ಮ ಗಂಡನನ್ನು ನೋಡಿದರು. ಗಂಡ ಸೂರಿನ ಜೇಡರ ಬಲೆ ನೋಡುತ್ತಿದ್ದರು.

ಮುನಿವೆಂಕಟಪ್ಪ: ಈ ಮನೇಲಿ ಬೆಂಕಿ ಬೇಡ ಅಂದಿದ್ದೆ. ಇನ್ನೊಬ್ಬರ ಮನೆ ಮಾತು ನಾನು ಎತ್ತಿಲ್ಲ.

ಸತ್ತಾರ್: ನಾವು ಬೇಡ ಅನ್ನಲ್ಲ ಅಮ್ಮ. ಗೆಳೆಯ ಬಾಗಿಲಿಗೆ ಬಂದಾಗ ತಟ್ಟೆ ಇಡದೆ ಇರೋಕಾಗುತ್ತಾ? ಆದ್ರೆ ಬೇಸಿಗೆ. ಬಿಚ್ಚಾಣಿಕೆ ಬಾಯ್ಲರು ಒಂದು ಕಡೆ, ಅಡುಗೆ ಮನೆ ಇನ್ನೊಂದು ಕಡೆ. ದಿನಾ ಅತಿಥಿ ಬಂದ್ರೆ ಎರಡು ಬಗೆ ಮಾಡದೆ ಅವಳ ಮನಸ್ಸು ಒಪ್ಪಲ್ಲ. ನಿನ್ನೆ ರಾತ್ರಿ ಮಂಡಿ ಹಿಡ್ಕೊಂಡು ಕೂತಿದ್ಲು.

ಅಮ್ಮಾಜಮ್ಮ ಗೋಡೆ ಬಿಟ್ಟು ನೆಟ್ಟಗೆ ಕೂತರು. ಎಂಟು ದಿನ ತಾನು ತಣ್ಣನೆ ನೆಲದ ಮೇಲೆ ಕಾಲು ಚಾಚಿದ್ದ ಹೊತ್ತಿಗೆ, ಅಲ್ಲೊಬ್ಬ ಹೆಂಗಸು ಬೆಂಕಿ ಮುಂದೆ ನಿಂತು ಈ ಗಂಡನಿಗಾಗಿ ಬೇಯಿಸುತ್ತಿದ್ದಳಲ್ಲ ಎಂದು ನಾಚಿಕೆಯಾಯಿತು. ಗಂಡನ ಮೇಲೆ ಬರಬೇಕಾದ ಸಿಟ್ಟು ಆ ನಾಚಿಕೆಯಲ್ಲಿ ಅರ್ಧ ಕರಗಿತು.

ಮುನಿವೆಂಕಟಪ್ಪ: (ಉದಾರವಾಗಿ) ಆಯ್ತು ಬಿಡು. ನಾನೇ ಸೋಲ್ತೀನಿ. ನೀನು ಇಷ್ಟು ಅತ್ತು ಕರೆದ ಮೇಲೆ ನಿನ್ನ ಮಾತಿಗೆ ಬೆಲೆ ಕೊಡಬೇಕು. ಒಲೆ ಹಚ್ಚು. ಬಸ್ಸಾರು ಅಂದ್ಯಲ್ಲ, ಅದೇ ಆಗಲಿ.

ಅಮ್ಮಾಜಮ್ಮ: ಹಚ್ಚಲ್ಲ.

ಮುನಿವೆಂಕಟಪ್ಪ: ಏನು?

ಅಮ್ಮಾಜಮ್ಮ: ಹುಳ ಹಣ್ಣಾಗೋವರೆಗೂ ಹಚ್ಚಲ್ಲ. ನನ್ನ ಸೊಂಟ ಬಿದ್ದೋಗಿದೆ. ಈ ಬೆಳೇಲಿ ನಾನು ಮಧ್ಯಾಹ್ನ ಮಲಗ್ತಿದೀನಿ, ಇನ್ನೂ ಐದು ದಿನ ಮಲಗ್ತೀನಿ.

ಮುನಿವೆಂಕಟಪ್ಪ: ಮತ್ತೆ ದಿನಾ ದಮ್ಮಯ್ಯ ಅಂತಿದ್ದೆ?

ಅಮ್ಮಾಜಮ್ಮ: ನಾನು ಬೇಡ ಅಂದ್ರೆ ತಾನೆ ನೀವು ಹಿಡಿಯೋದು.

ಮುನಿವೆಂಕಟಪ್ಪ: ಭಾಯಿ, ಕೇಳಿಸ್ಕೊಂಡ್ಯಾ? ಸುಳ್ಳು ಅಳು ಅತ್ತಿದಾಳೆ.

ಅಮ್ಮಾಜಮ್ಮ: ನಾನು ಅತ್ತು ಸುಳ್ಳು ಹೇಳಿದೆ, ನೀವು ಉಂಡು ಸುಳ್ಳು ಹೇಳಿದ್ರಿ. ಯಾರ ಹೊಟ್ಟೆ ತುಂಬ್ತು, ಲೆಕ್ಕ ಹಾಕ್ಕೊಳ್ಳಿ. ನಿಮಗೆ ಈಗ ಎರಡು ದಾರಿ. ಇದೇ ಸೌತೆಕಾಯಿ ತಿಂದು ಐದು ದಿನ ನಿಜವಾಗಿ ವ್ರತ ಮಾಡಿ. ಇಲ್ಲ, ಆ ಟವೆಲು ತೆಗೆದು ನೀವೇ ಮುದ್ದೆ ಕೂಡಿಸಿ. ನನಗೂ ಒಂದು ಹಾಕಿ.

ಮುನಿವೆಂಕಟಪ್ಪ ಮೂಲೆಯಲ್ಲಿದ್ದ ಮುದ್ದೆ ಕೋಲನ್ನು ನೋಡಿದರು. ಅದು ಯಾವ ಕಡೆಯಿಂದ ಹಿಡಿಯುವುದೆಂದು ಅವರಿಗೆ ಗೊತ್ತಿರಲಿಲ್ಲ. ನೆನೆದ ಹೆಸರುಕಾಳಿನ ಬಟ್ಟಲನ್ನು ಹತ್ತಿರ ಎಳೆದುಕೊಂಡರು.

ಮುನಿವೆಂಕಟಪ್ಪ: ಭಾಯಿ, ನಾಳೆ ಸುಮ್ಮನೆ ಮಾತಾಡೋಕೆ ಬರ್ತೀನಿ.

ಸತ್ತಾರ್: (ಅಮ್ಮಾಜಮ್ಮನ ಮುಖ ನೋಡಿ) ಸುಮ್ಮನೆ ಅಂದ್ರೆ ಬನ್ನಿ ಅಣ್ಣ.

ಸತ್ತಾರರ ಮುಖದಲ್ಲಿ ನೆಮ್ಮದಿ ಕಂಡಿತು. ಆ ನೆಮ್ಮದಿ ಹೆಚ್ಚು ಹೊತ್ತು ಇರಲಿಲ್ಲ. ಅಮ್ಮಾಜಮ್ಮ ಗಂಡನ ಫೋನು ತೆಗೆದುಕೊಂಡು ಬಿಸ್ಮಿಲ್ಲಾ ಬೀಗೆ ಹಚ್ಚಿಕೊಡಿ ಎಂದರು. ಸತ್ತಾರರೇ ಹಚ್ಚಿಕೊಟ್ಟರು, ಪಾಪ.

ಅಮ್ಮಾಜಮ್ಮ: ಅಕ್ಕ, ನಾನು ಅಮ್ಮಾಜಮ್ಮ. ನನ್ನಿಂದ ತಪ್ಪಾಗಿದೆ. ಎಂಟು ದಿನ ನನ್ನ ಕೆಲಸ ನೀವು ಮಾಡಿದೀರ, ನನಗೆ ಗೊತ್ತೇ ಇರಲಿಲ್ಲ. ನಮ್ಮೋರು ಇನ್ನು ಬರಲ್ಲ. ನೀವೂ ಮಂಡಿ ನೀವ್ಕೊಂಡು ಮಲಗಿ. ಸತ್ತಾರಣ್ಣನಿಗೆ ನಮ್ಮ ತೋಟದ ಸೌತೆಕಾಯಿ, ಮಾವಿನಕಾಯಿ ಚೀಲ ತುಂಬ ಕೊಟ್ಟು ಕಳಿಸ್ತಿದೀನಿ. ಐದು ದಿನ ನಿಮ್ಮನೇಲೂ ಒಲೆ ಹಚ್ಚಬೇಡಿ.

ಸತ್ತಾರ್: ಅಮ್ಮ, ನಾನು ಅದಕ್ಕೆ ಬಂದಿದ್ದಲ್ಲ.

ಅಮ್ಮಾಜಮ್ಮ ಫೋನನ್ನು ಎಲ್ಲರಿಗೂ ಕೇಳಿಸುವ ಹಾಗೆ ಹಿಡಿದರು.

ಬಿಸ್ಮಿಲ್ಲಾ ಬೀ: ಐದೇ ದಿನಾನಾ ಅಮ್ಮಾಜಮ್ಮ? ನಮ್ಮೋರಿಗೆ ಶುಗರ್ ಇದೆ, ಹತ್ತು ದಿನ ಮಾಡೋಣ.

ಗೆಳೆಯರಿಬ್ಬರೂ ಒಂದೇ ಬಟ್ಟಲಿಗೆ ಕೈ ಹಾಕಿ, ಹೆಸರುಕಾಳು ಅಗಿಯತೊಡಗಿದರು. ಅಮ್ಮಾಜಮ್ಮ ಎದ್ದು ಸೆರಗು ಸಿಕ್ಕಿಸಿಕೊಂಡು, ಬೆಳಿಗ್ಗೆ ಕೊಯ್ದ ಸೊಪ್ಪಿನ ಹೊರೆ ಬಿಚ್ಚಿ ಹುಳುಮನೆಗೆ ಹೋದರು. ಹುಳು ಮೇಯುವ ಮೊದಲನೇ ಅಟ್ಟಣೆಯಿಂದ ಶುರುಮಾಡಿ, ಒಂದೊಂದೇ ಸೊಪ್ಪಿನ ಕಡ್ಡಿಯನ್ನು ಉದ್ದುದ್ದ ಜೋಡಿಸುತ್ತಾ, ಹುಳುಗಳಿಗೆ ಮಧ್ಯಾಹ್ನದ ಮೇವು ಹಾಕಿದರು.